ಕಡಲ ದಾರಿಯ ಹಳದಿ ಪಾದಗಳು

ಬೆಳಿಗ್ಗೆ ನೋಡಿದರೆ ಗಡಿಯಾರ ಕಂಬದ ಬುಡದಲ್ಲಿದ್ದ ಹಳದಿ ಪಾದ ಮಾಯ. ಅದರ ಮುಂದಿನದೂ ಇಲ್ಲ. ಅದರಾಚೆಯದೂ ಇಲ್ಲ.

ಊರಿನ ಸುತ್ತ ನಡೆದು ನೋಡುವವರಿಗೆಂದು ಪುರಸಭೆ ಹೊಸದಾಗಿ ಗುರುತು ಹಾಕಿಸಿದ್ದ ದಾರಿಗಳು ಮೂರು. ಪೇಟೆಯ ದಾರಿಗೆ ಕೆಂಪು ಪಾದ, ಹೊಳೆಯ ದಾರಿಗೆ ನೀಲಿ, ಗುಡ್ಡದ ಅಂಚು ಹಿಡಿದು ಲೈಟ್‌ಹೌಸ್‌ವರೆಗೆ ಹೋಗುವ ಕಡಲ ದಾರಿಗೆ ಹಳದಿ. ಕೆಂಪು ಇತ್ತು, ನೀಲಿ ಇತ್ತು. ಹಳದಿಯನ್ನು ಮಾತ್ರ ಯಾರೋ ರಾತ್ರೋರಾತ್ರಿ ಕೊನೆಯವರೆಗೂ ಒರೆಸಿ ಹಾಕಿದ್ದರು. ಮರುದಿನ ಬೆಳಿಗ್ಗೆ ಅದೇ ದಾರಿಯಲ್ಲಿ ಶಾಲೆಯ ಮಕ್ಕಳನ್ನೆಲ್ಲ ಸಾಲಾಗಿ ನಡೆಸಿ ಉದ್ಘಾಟನೆ ಮಾಡುವುದಿತ್ತು.

ಪುರಸಭೆಯ ಅಧ್ಯಕ್ಷರು ಗರಿಗರಿ ಬಿಳಿ ಬಟ್ಟೆಯಲ್ಲಿ ಠಾಣೆಗೆ ನುಗ್ಗಿದರು.

"ಯಾರು ಅಂತ ಹುಡುಕೋ ಕಷ್ಟ ಬೇಡ ದಫೇದಾರ್ರೇ. ನಿಮ್ಮ ಭಾವಮೈದನ್ನ ಎಳ್ಕೊಂಡು ಬನ್ನಿ, ಸಾಕು."

ದಫೇದಾರನ ಕಿವಿ ಕೆಂಪಾಯಿತು. ಪಾದಗಳನ್ನು ಬರೆದ ಪೇಂಟರ್ ಅವನ ಹೆಂಡತಿಯ ತಮ್ಮ. ಮೊನ್ನೆ ಗಡಿಯಾರ ಕಂಬದ ಹತ್ತಿರ ದೊಡ್ಡ ನಕ್ಷೆಯ ಬೋರ್ಡು ನಿಲ್ಲಿಸಿದಾಗ ಅದರಲ್ಲಿ ಅಧ್ಯಕ್ಷರ ಫೋಟೋ ಇತ್ತು, ಸದಸ್ಯರ ಹೆಸರಿತ್ತು, ಬರೆದವನ ಹೆಸರಿರಲಿಲ್ಲ. ಪೇಂಟರ್ ನಡುಬೀದಿಯಲ್ಲಿ ನಿಂತು, "ಬರೆದವನೂ ನಾನೇ, ಒರೆಸೋನೂ ನಾನೇ" ಎಂದು ಕೂಗಿದ್ದ. ಅರ್ಧ ಊರು ಕೇಳಿತ್ತು.

"ಬಾಯಲ್ಲಿ ಹೇಳಿದವನು ಕೈಯಲ್ಲಿ ಮಾಡ್ತಾನೇನ್ರೀ? ಬೊಗಳೋ ನಾಯಿ—" ಎಂದು ರೇಗಿದ ದಫೇದಾರ, ಭಾವಮೈದನನ್ನೇ ನಾಯಿ ಮಾಡಿದೆನಲ್ಲಾ ಎಂದು ಅರಿವಾಗಿ ಅಲ್ಲಿಗೇ ನುಂಗಿಕೊಂಡ.

ಇನ್‌ಸ್ಪೆಕ್ಟರ್ ಮೇಡಂ ಕುರ್ಚಿಯಿಂದ ಎದ್ದರು. ಊರಿಗೆ ಹೊಸಬರು, ಧ್ವನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ದಫೇದಾರನಿಗೆ ಅದೇ ದೊಡ್ಡ ಸಂಕಟ. ಬೈಯದ ಮೇಲಧಿಕಾರಿಯನ್ನು ಹೇಗೆ ಸಂಭಾಳಿಸುವುದೆಂದು ಅವನಿಗೆ ತಿಳಿಯುತ್ತಿರಲಿಲ್ಲ.

"ಸಂಜೆವರೆಗೆ ಸಮಯ ಕೊಡಿ, ಅಧ್ಯಕ್ಷರೇ."

"ತಗೊಳ್ಳಿ. ಸಂಜೆಗೆ ನಾನೇ ಬೇರೆ ಪೇಂಟರ್ ಕರ್ಕೊಂಡು ಲೈಟ್‌ಹೌಸ್ ಹತ್ರ ಬರ್ತೀನಿ, ಅಲ್ಲಿಂದಲೇ ಮತ್ತೆ ಬರೆಸ್ತೀನಿ. ಮಕ್ಕಳು ನಾಳೆ ನಡೆಯೋದು ನಡೆಯೋದೇ. ಆ ನಿಮ್ಮ ಭಾವಮೈದ ಒಳಗೆ ಹೋಗೋದೂ ಹೋಗೋದೇ."

---

ಪೇಂಟರ್ ತನ್ನ ಶೆಡ್ಡಿನಲ್ಲಿ ಡಬ್ಬಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ. ಕಣ್ಣು ಕೆಂಪಗಿತ್ತು.

"ನಿನ್ನೆ ರಾತ್ರಿ ಎಲ್ಲಿದ್ದೆ?" ಮೇಡಂ ಕೇಳಿದರು.

"ಮನೇಲಿ, ಮೇಡಂ. ನಮ್ಮಕ್ಕ ಬೈತಾ ಇದ್ಲು, ನಾನು ಕೇಳ್ತಾ ಇದ್ದೆ. ಬೇಕಾದ್ರೆ ಭಾವನ್ನ ಕೇಳಿ, ಅವರಿಗೂ ಪಾಲು ಸಿಕ್ಕಿದೆ."

"ಹತ್ತು ಗಂಟೆ ಆದ್ಮೇಲೆ ನಾನು ನಿದ್ದೆ ಮಾಡಿದೆ," ಎಂದ ದಫೇದಾರ ಪ್ರಾಮಾಣಿಕವಾಗಿ.

"ಭಾವ! ಆ ಪಾದ ಯಾರದು ಗೊತ್ತಲ್ಲ? ನನ್ನ ಮಗಳನ್ನ ರಟ್ಟಿನ ಮೇಲೆ ನಿಲ್ಲಿಸಿ ಗೆರೆ ಎಳೆದೆ. ಕಚಗುಳಿ ಆಯ್ತು ಅಂತ ಹೆಬ್ಬೆರಳು ಮಡಚಿದ್ಲು. ಅದಕ್ಕೇ ಊರಿನ ಎಲ್ಲಾ ಪಾದದಲ್ಲೂ ಹೆಬ್ಬೆರಳು ಗಿಡ್ಡ. ಅದನ್ನ ನಾನು ಒರೆಸ್ತೀನಾ?"

ಗೋಡೆಗೆ ಒರಗಿಸಿದ್ದ ಆ ರಟ್ಟನ್ನು ಮೇಡಂ ಎತ್ತಿ ನೋಡಿದರು.

"ಬರೆದ ಬಣ್ಣ ಒರೆಸಬೇಕಾದರೆ ಏನು ಬೇಕು?"

"ಕಡಲ ಗಾಳಿಗೆ ಇನ್ನೂ ಪೂರ್ತಿ ಒಣಗಿರಲಿಲ್ಲ. ಸೀಮೆಎಣ್ಣೆ ಸಾಕು. ಚಿಂದಿಬಟ್ಟೆ ಮಾತ್ರ ಮೂಟೆಗಟ್ಟಲೆ ಬೇಕು. ನಾನೇ ಒರೆಸಿದ್ದಿದ್ರೆ, ಅಲ್ಲೊಂದು ಪಾದ ಇತ್ತು ಅಂತಲೂ ನಿಮಗೆ ಗೊತ್ತಾಗ್ತಿರಲಿಲ್ಲ."

"ಇದೇ ಬಾಯಿ ಕಣೋ ನಿನ್ನ ಜೈಲಿಗೆ ಕಳಿಸೋದು," ಎಂದು ದಫೇದಾರ ಹಲ್ಲು ಕಡಿದ.

---

ಮೇಡಂ, ದಫೇದಾರ ಇಬ್ಬರೂ ನಡೆದೇ ಹೊರಟರು. ಜೀಪು ಹೋಗುವ ದಾರಿ ಬೇರೆ, ಗುಡ್ಡದ ಹಿಂದಿನದು. "ಅಳಿಸಿದವನು ನಡೆದಿದ್ದಾನೆ, ನಾವೂ ನಡೆಯೋಣ," ಎಂದರು ಮೇಡಂ. ದಫೇದಾರ ಹೊಟ್ಟೆಯ ಮೇಲೆ ಬೆಲ್ಟನ್ನು ಒಂದು ತೂತು ಸಡಿಲ ಮಾಡಿಕೊಂಡ.

ಗಡಿಯಾರ ಕಂಬದ ಬುಡದಲ್ಲಿ ಕಲ್ಲೆಲ್ಲ ಹಳದಿ ಮುಸುಕು. ಪಾದ ಹೋಗಿತ್ತು, ಬಣ್ಣ ಹೋಗಿರಲಿಲ್ಲ, ಸುತ್ತಲೂ ಮೆತ್ತಿಕೊಂಡಿತ್ತು. ದಫೇದಾರ ಕರವಸ್ತ್ರದಿಂದ ಉಜ್ಜಿ ಮೂಸಿದ. ಸೀಮೆಎಣ್ಣೆ. ಬಲೆ ಹೆಣೆಯುವವರ ಬೀದಿ, ಐಸ್ ಫ್ಯಾಕ್ಟರಿಯ ಗೋಡೆ, ದೋಣಿಕಟ್ಟೆಯ ಮೆಟ್ಟಿಲು, ಎಲ್ಲ ಕಡೆಯೂ ಅದೇ ರಾಡಿ. ಬಿಸಿಲಿಗೆ ಬೆವರು ಹರಿದಾಗ ಅದೇ ಕರವಸ್ತ್ರದಿಂದ ಮುಖ ಒರೆಸಿಕೊಂಡ.

ಕಟ್ಟೆಯಲ್ಲಿ ಕೂತಿದ್ದ ದೋಣಿಯವನು ಅವನನ್ನು ನೋಡಿ ಬೀಡಿ ಬಾಯಿಂದ ತೆಗೆದ. "ಏನ್ ದಫೇದಾರ್ರೇ, ಪುರಸಭೆಯವರು ನಿಮ್ಮ ಮೇಲೂ ಗುರುತು ಹಾಕಿದ್ರಾ?"

ಮೇಡಂ ತಿರುಗಿ ನೋಡಿದರು. ದಫೇದಾರನ ಎರಡೂ ಕೆನ್ನೆ ಹಳದಿ. ಅವರು ನಗಲಿಲ್ಲ. ಕರವಸ್ತ್ರವನ್ನೂ ಕೆನ್ನೆಯನ್ನೂ ಒಂದಾದ ಮೇಲೊಂದು ನೋಡಿದರು.

"ನಗು ನಗು," ದಫೇದಾರ ಗುಡುಗಿದ. "ಲೈಟ್‌ಹೌಸ್‌ಗೆ ಜನ ನಡೆದುಹೋದ್ರೆ ನಿನ್ನ ದೋಣಿ ಯಾರು ಹತ್ತುತ್ತಾರೆ? ನೀನೇ ಒರೆಸಿರಬೇಕು."

"ಅಣ್ಣಾ, ನಡೆಯೋ ಮನಸ್ಸಿದ್ದೋರು ನಡೀತಾರೆ, ಸೋಮಾರಿಗಳು ದೋಣಿ ಹತ್ತುತ್ತಾರೆ. ಈ ಊರಲ್ಲಿ ಸೋಮಾರಿಗಳಿಗೆ ಬರವಾ?"

"ಗುಡ್ಡದ ಬುಡದಲ್ಲೇ ದಿನಾ ಹೋಗ್ತೀರಲ್ಲ," ಮೇಡಂ ಕೇಳಿದರು. "ಏನಾದರೂ ಹೊಸದು ಕಂಡಿದ್ದೀರಾ?"

ದೋಣಿಯವನ ನಗು ನಿಂತಿತು. ಬೀಡಿ ಆರಿತ್ತು, ಅವನಿಗೆ ಗೊತ್ತಾಗಲಿಲ್ಲ.

"ಕಂಡಿದ್ದಲ್ಲ, ಕೇಳಿದ್ದು. ಮೊದಲೆಲ್ಲ ಅಲೆ ಗುಡ್ಡಕ್ಕೆ ಬಡಿದ ತಕ್ಷಣ ವಾಪಸ್ ಬರ್ತಿತ್ತು, ದೋಣಿ ಕುಲುಕ್ತಿತ್ತು. ಈಗ ಒಂದು ಜಾಗದಲ್ಲಿ ಹೋದದ್ದು ಹೋಗೇ ಹೋಗುತ್ತೆ ಮೇಡಂ. ಎಷ್ಟೋ ಹೊತ್ತಿನ ಮೇಲೆ, ಯಾರೋ ಒಳಗಿಂದ ನಿಟ್ಟುಸಿರು ಬಿಟ್ಟ ಹಾಗೆ ತಿರುಗಿ ಬರುತ್ತೆ. ನಾನು ಆ ಜಾಗದಲ್ಲಿ ಹುಟ್ಟು ಹಾಕೋದಿಲ್ಲ, ಬೀಡಿನೂ ಸೇದೋದಿಲ್ಲ. ಸುಮ್ಮನೆ ತೇಲಿಕೊಂಡು ದಾಟಿಬಿಡ್ತೀನಿ."

---

ಗುಡ್ಡ ಏರುತ್ತ ಹೋದಂತೆ ಕಲ್ಲುಗಳ ಮೇಲಿನ ರಾಡಿ ಕಡಿಮೆಯಾಯಿತು. ಅರ್ಧ ದಾರಿಯಲ್ಲಿ ತೆಳು ಹಳದಿ ನೆರಳು. ಅದರಾಚೆ ಬರೀ ಎಣ್ಣೆಯ ಪಸೆ.

"ನೋಡಿ ಮೇಡಂ," ದಫೇದಾರ ಏದುಸಿರಿನ ನಡುವೆ ಹೇಳಿದ. "ಮೊದಮೊದಲು ಗೊತ್ತಾಗದೆ ರಾಡಿ ಎಬ್ಬಿಸಿದ್ದಾನೆ. ಮಾಡ್ತಾ ಮಾಡ್ತಾ ಕೈ ಪಳಗಿದೆ. ಅಂದರೆ ಪೇಂಟರ್ ಅಲ್ಲ, ಹೊಸಬ. ನಮ್ಮ ಹುಡುಗ ಬಚಾವ್."

"ಇರಬಹುದು," ಎಂದರು ಮೇಡಂ. ಆ ಮಾತು ಅವನಿಗೆ ಸೇರಲಿಲ್ಲ.

ಆಗ ದಾರಿ ತಿರುಗಿತು. ದಫೇದಾರ ಹೆಜ್ಜೆ ಮರೆತು ನಿಂತ.

ಕಡಲಿನ ಪಕ್ಕದಲ್ಲೇ ಹುಟ್ಟಿ ಬೆಳೆದವನು ಅವನು. ಆದರೆ ಕಡಲನ್ನು ಯಾವಾಗಲೂ ಕೆಳಗೆ ನಿಂತು ನೋಡಿದ್ದ, ಎದುರಾಳಿಯನ್ನು ನೋಡುವಂತೆ. ಇಲ್ಲಿಂದ ಅದಕ್ಕೆ ದಡವೇ ಇರಲಿಲ್ಲ. ಮೂರು ಕಡೆಯೂ ನೀರು, ನೀರಿನ ಮೇಲೆ ಮೋಡದ ನೆರಳು ಮಂದೆಯಂತೆ ಸರಿಯುತ್ತಿತ್ತು. ಅವನ ಠಾಣೆ, ಅವನ ಬೀದಿ, ಅವನು ಇಡೀ ಆಯುಷ್ಯ ಜಗಳವಾಡಿದ ಪೇಟೆ, ಎಲ್ಲ ಸೇರಿ ಅಂಗೈಯಲ್ಲಿ ಮುಚ್ಚಬಹುದಾದಷ್ಟು. ಬೈದು ಬೈದು ಅಭ್ಯಾಸವಾದ ಬಾಯಿ ತೆರೆಯಿತು, ಬೈಗುಳ ಬರಲಿಲ್ಲ.

"ಇಷ್ಟು ದೊಡ್ಡದಾ ಇದು," ಎಂದ ಕೊನೆಗೆ, ಮೆಲ್ಲಗೆ.

---

ದಾರಿಯ ತುದಿಯಲ್ಲಿ, ಲೈಟ್‌ಹೌಸ್‌ಗೆ ಸ್ವಲ್ಪ ಈಚೆ, ಇದ್ದದ್ದು ಒಂದೇ ಮನೆ. ದೊಡ್ಡ ಟೀಚರದು. ಊರಿನ ಶಾಲೆಯಲ್ಲಿ ಹೆಡ್ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಅಧ್ಯಕ್ಷರಿಂದ ಹಿಡಿದು ಐಸ್ ಫ್ಯಾಕ್ಟರಿಯ ಕೂಲಿಯವರೆಗೆ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಳ್ಳದವರಿಲ್ಲ. ಅವರನ್ನು ಕಂಡದ್ದೇ ದಫೇದಾರ ಹೊಟ್ಟೆಯನ್ನು ಒಳಗೆಳೆದುಕೊಂಡ.

"ಮುಖ ತೊಳ್ಕೊ," ಎಂದರು ಟೀಚರ್, ಮೊದಲ ಮಾತಿಗೇ. "ಬಾವಿ ನೀರು ಮುಟ್ಟಬೇಡ. ಅಲ್ಲಿ ನಲ್ಲಿ ಇದೆ."

"ಬಾವಿಗೇನಾಯ್ತು ಟೀಚರ್? ಈ ನೀರು ಕುಡಿಯೋಕೆ ಜನ ಊರಿಂದ ಬರ್ತಿದ್ರಲ್ಲ?"

"ಉಪ್ಪಾಗಿದೆ."

ಅಂಗಳದ ಅಂಚಿನಲ್ಲಿ, ದಾರಿಗೆ ತಾಗಿಕೊಂಡೇ ಇದ್ದ ಬಾವಿಗೆ ಹಲಗೆ ಮುಚ್ಚಿ ಕಲ್ಲು ಹೇರಿತ್ತು. ಗಾಳಿ ನಿಂತಿದ್ದರೂ ಹಲಗೆ ಆಗಾಗ ಟಕಟಕ ಎನ್ನುತ್ತಿತ್ತು. ಮೇಡಂ ಅದನ್ನೇ ನೋಡುತ್ತ ಕೇಳಿದರು, "ರಾತ್ರಿ ಈ ದಾರಿಯಲ್ಲಿ ಯಾರನ್ನಾದರೂ ನೋಡಿದ್ರಾ?"

"ಯಾರನ್ನೂ ನೋಡಲಿಲ್ಲ."

ಗೇಟಿನ ಹತ್ತಿರದ ಕಲ್ಲು ದಾರಿಯ ಕೊನೆಯ ಗುರುತಿನದು. ತೊಳೆದಿಟ್ಟಂತೆ ಸ್ವಚ್ಛ. ಓರೆ ಬಿಸಿಲಿಗೆ ಎಣ್ಣೆಯ ಗೆರೆಗಳು ಮಾತ್ರ ಹೊಳೆಯುತ್ತಿದ್ದವು, ಮೇಲಿಂದ ಕೆಳಕ್ಕೆ, ನೆಟ್ಟಗೆ, ಒಂದರ ಪಕ್ಕ ಒಂದು. ದಫೇದಾರ ಬಗ್ಗಿ ನೋಡಿದ. ಎಲ್ಲೋ ಕಂಡ ಹಾಗಿತ್ತು. ಅವನ ಬಲಗೈ ತಾನಾಗಿ ಗಾಳಿಯಲ್ಲಿ ಮೇಲಿಂದ ಕೆಳಕ್ಕೆ ಆಡಿತು. ತಟ್ಟನೆ ಆ ಕೈಯನ್ನು ಜೇಬಿನಲ್ಲಿ ತುರುಕಿಕೊಂಡ.

---

ಸಂಜೆ ಕಡಲು ಏರುತ್ತಿರುವಾಗ ಅಧ್ಯಕ್ಷರ ಜೀಪು ಬಂತು. ಹಿಂದಿನ ಸೀಟಿನಲ್ಲಿ ಹೊಸ ಪೇಂಟರ್, ಮಡಿಲಲ್ಲಿ ಹಳದಿ ಡಬ್ಬ. ಟೀಚರ್ ಗೇಟಿನಲ್ಲಿ ನಿಂತಿದ್ದರು.

"ಸಿಕ್ಕಿದನಾ ಕಳ್ಳ?" ಅಧ್ಯಕ್ಷರು ಇಳಿಯುತ್ತಲೇ ಕೇಳಿದರು.

"ಸುಳಿವು ಸಿಕ್ಕಿದೆ," ಎಂದರು ಮೇಡಂ. "ದಫೇದಾರ್ರೇ, ಕರವಸ್ತ್ರ ಕೊಡಿ."

ಹಳದಿ ಮೆತ್ತಿದ ಕರವಸ್ತ್ರವನ್ನು ಎತ್ತಿ ಹಿಡಿದರು.

"ಇದು ಬೆಳಿಗ್ಗೆ ಚೊಕ್ಕವಾಗಿತ್ತು. ಆಮೇಲೆ ಇದರಲ್ಲಿ ಮುಖ ಒರೆಸಿದರೆ, ಬೆವರು ಹೋಗೋ ಬದಲು ಬಣ್ಣ ಬಂತು. ಬಟ್ಟೆ ಕೊಳೆಯಾದ ಮೇಲೆ ಅದು ತೆಗೆಯೋದಿಲ್ಲ, ಹಚ್ಚುತ್ತೆ. ಕೈ ಪಳಗಿದ್ದಲ್ಲ ದಫೇದಾರ್ರೇ, ಬಟ್ಟೆ ಹೊಲಸಾದದ್ದು. ಹಾಗಾದರೆ ಮೊದಲು ಒರೆಸಿದ ಕಲ್ಲು ಯಾವುದು? ಸ್ವಚ್ಛವಾಗಿರೋದು. ಇದು. ನಾವೆಲ್ಲ ಊರಿಂದ ಹೊರಟೆವು, ಅಳಿಸಿದವರೂ ಊರಿಂದಲೇ ಹೊರಟರು ಅಂದುಕೊಂಡೆವು. ಅವರು ಹೊರಟದ್ದು ಇಲ್ಲಿಂದ. ಪೇಂಟರ್ ಆಗಿದ್ದರೆ ಮೂಟೆ ಚಿಂದಿ ತರ್ತಿದ್ದ. ಇವರ ಹತ್ರ ಇದ್ದದ್ದು ಒಂದೇ ಬಟ್ಟೆ."

"ಇಲ್ಲಿ ಯಾರಿದ್ದಾರೆ?" ಎಂದು ತಿರುಗಿದ ಅಧ್ಯಕ್ಷರು ಗೇಟಿನ ಕಡೆ ನೋಡಿ ತಡವರಿಸಿದರು. "ಏನ್ ಮೇಡಂ, ತಮಾಷೆನಾ? ಈ ವಯಸ್ಸಲ್ಲಿ ಇಷ್ಟು ದೂರ—"

ದಫೇದಾರನಿಗೆ ಇನ್ನು ತಡೆಯಲಾಗಲಿಲ್ಲ.

"ಕರಿಹಲಗೆ ಒರೆಸೋದು ಹೇಗೆ ಅಂತ ಮರೆತ್ರಾ, ಅಧ್ಯಕ್ಷರೇ? ಅಡ್ಡ ಒರೆಸಿದ್ರೆ ಪುಡಿ ಹಾರುತ್ತೆ, ಮೇಲಿಂದ ಕೆಳಕ್ಕೆ ಎಳಿ ಅಂತ ನಮ್ಮಿಬ್ಬರ ಕೈ ಹಿಡಿದು ಕಲಿಸಿದ್ದು ಯಾರು? ಬಗ್ಗಿ ಆ ಗೆರೆ ನೋಡಿ." ಆಮೇಲೆ ಧ್ವನಿ ಕುಗ್ಗಿತು. "ಟೀಚರ್... ನಮ್ಮ ಹುಡುಗ ಒಳಗೆ ಹೋಗೋದಿತ್ತು."

"ಹೋಗೋಕೆ ನಾನು ಬಿಡ್ತಿದ್ನಾ?" ಎಂದರು ಟೀಚರ್. "ಗುರುತು ಹೋದ್ರೆ ಇವನು ಇಲ್ಲಿಗೆ ಬಂದೇ ಬರ್ತಾನೆ ಅಂತ ಗೊತ್ತಿತ್ತು, ಕಾಯ್ತಾ ಇದ್ದೆ. ಹೌದು, ನಾನೇ ಒರೆಸಿದ್ದು. ಹಳೇ ಟವೆಲ್ಲು, ಸ್ಟೋವಿನ ಎಣ್ಣೆ. ಒಂದು ಪಾದ ಉಳಿದ್ರೂ ಮಕ್ಕಳು ಅದನ್ನ ಹಿಡಿದು ಬರ್ತಾರೆ. ಅದಕ್ಕೇ ಊರಿನ ತನಕ ಹೋದೆ."

"ಆದರೆ ಯಾಕೆ?" ಅಧ್ಯಕ್ಷರ ಮುಖ ಬಿಳಿಚಿತ್ತು.

"ಎರಡು ಸಲ ನಿನ್ನ ಆಫೀಸಿಗೆ ಬಂದು ಹೇಳಿದೆ. ನೀನೇನಂದೆ?"

ಅಧ್ಯಕ್ಷರು ನೆಲ ನೋಡಿದರು.

"'ವಯಸ್ಸಾದವರ ಕಿವೀಲಿ ಕಡಲು ಮೊರೆಯೋದು ಸಹಜ ಟೀಚರ್' ಅಂತ ನೀನಂದೆ. ನಿನ್ನ ಹುಡುಗರು ಕಿಸಕ್ಕಂತ ನಕ್ಕರು." ಟೀಚರ್ ಬಾವಿಯ ಕಡೆ ಕೈ ತೋರಿದರು. "ಮೇಡಂ, ನಿಮಗೆ ಗೊತ್ತಾಗಿದೆ. ಹೇಳಿಬಿಡಿ."

"ಅಲೆ ಒಳಗೆ ಹೋಗಿ ತಡವಾಗಿ ಬರುತ್ತೆ ಅಂದ ದೋಣಿಯವನು. ಸಿಹಿ ಬಾವಿ ಉಪ್ಪಾಗಿದೆ. ಗಾಳಿ ಇಲ್ಲದೆ ಹಲಗೆ ಅಲುಗುತ್ತೆ," ಎಂದರು ಮೇಡಂ. "ಗುಡ್ಡದ ಕೆಳಗೆ ಗುಡ್ಡ ಇಲ್ಲ, ಅಧ್ಯಕ್ಷರೇ. ಕಡಲು ಕೊರೆದು ಟೊಳ್ಳಾಗಿದೆ."

ಟೀಚರ್ ಹಲಗೆ ಸರಿಸಿದರು. ಬಾವಿ ಉಸಿರು ಬಿಟ್ಟಿತು. ತಣ್ಣನೆಯ, ಉಪ್ಪು ವಾಸನೆಯ, ಉದ್ದನೆಯ ಉಸಿರು. ಟೀಚರ ನರೆಗೂದಲು ಮೇಲಕ್ಕೆ ಹಾರಿತು. ಆಮೇಲೆ ಅದು ಒಳಕ್ಕೆಳೆದುಕೊಂಡಿತು, ದಾರಿಯ ಮೇಲೆ ಬಿದ್ದಿದ್ದ ಒಣ ಎಲೆಯೊಂದು ಸರಸರನೆ ಬಂದು ಬಾವಿಗೆ ಬಿತ್ತು.

ಹೊಸ ಪೇಂಟರ್ ಡಬ್ಬವನ್ನು ಅಪ್ಪಿಕೊಂಡು ಜೀಪಿನಿಂದ ಇಳಿಯಲೇ ಇಲ್ಲ.

"ನೀವು ಇದರ ಪಕ್ಕದಲ್ಲೇ ಇದ್ದೀರಲ್ಲ, ಟೀಚರ್?" ದಫೇದಾರ ಬಾವಿಯಿಂದ ಒಂದು ಹೆಜ್ಜೆ ಹಿಂದೆ ಸರಿದ.

"ನಾನು ಒಬ್ಬಳು, ಮೆಲ್ಲಗೆ ನಡೀತೀನಿ. ನಾಳೆ ಇಡೀ ಶಾಲೆ ಒಂದೇ ಸಲ ಕಾಲು ಹಾಕುತ್ತೆ, ಅದೂ ಬ್ಯಾಂಡ್ ಬಾರಿಸ್ಕೊಂಡು." ಅಧ್ಯಕ್ಷರ ಕಡೆ ತಿರುಗಿದರು. "ಬಾ ಇಲ್ಲಿ. ಒಬ್ಬನೇ ಬಾ. ಮಲಗು. ಕಿವಿ ನೆಲಕ್ಕೆ ಕೊಡು."

ಅಧ್ಯಕ್ಷರು ಗರಿಗರಿ ಬಿಳಿ ಬಟ್ಟೆಯಲ್ಲೇ ದಾರಿಯ ಮೇಲೆ ಬೋರಲು ಮಲಗಿದರು. ದಫೇದಾರನಿಗೆ ನಿಂತಲ್ಲೇ, ಬೂಟಿನ ಅಟ್ಟೆಯ ಮೂಲಕವೇ ಅದು ತಿಳಿಯಿತು. ಪಾದದ ಕೆಳಗೆ, ಮಣ್ಣು ಬಂಡೆಗಳ ಆಳದಲ್ಲಿ, ಯಾವುದೋ ಮಹಾಪ್ರಾಣಿ ಮಗ್ಗುಲು ಬದಲಿಸುತ್ತಿತ್ತು. ಬೆಳಿಗ್ಗೆ ಮೇಲಿನಿಂದ ಕಂಡ ಆ ಇಡೀ ಕಡಲು ಸದ್ದಿಲ್ಲದೆ ಒಳಗೆ ಬಂದು ಮಲಗಿತ್ತು.

"ಕೇಳಿಸ್ತಾ?" ಎಂದರು ಟೀಚರ್, ತರಗತಿಯಲ್ಲಿ ಕೇಳುತ್ತಿದ್ದ ಹಾಗೆಯೇ.

ಅಧ್ಯಕ್ಷರು ಕಿವಿಯನ್ನು ನೆಲಕ್ಕೆ ಇನ್ನಷ್ಟು ಒತ್ತಿದರು.

"ಕೇಳಿಸ್ತು, ಟೀಚರ್."

ಅಧ್ಯಕ್ಷರು ಮೊಣಕಾಲೂರಿ ಎದ್ದರು. ಕೆನ್ನೆಗೆ ಮಣ್ಣು ಹತ್ತಿತ್ತು, ಒರೆಸಿಕೊಳ್ಳಲಿಲ್ಲ. "ದೂರು ಇಲ್ಲ, ಮೇಡಂ. ದಾರಿಗೆ ಈಗಲೇ ಬೇಲಿ ಹಾಕಿಸ್ತೀನಿ. ಮಕ್ಕಳು ಹೊಳೆ ದಾರಿಯಲ್ಲಿ ನಡೀಲಿ. ಟೀಚರ್, ನೀವೂ ಈ ಮನೇಲಿ ಇವತ್ತು ಮಲಗಬೇಡಿ, ನಮ್ಮನೆಗೆ ಬನ್ನಿ." ತಡೆದು ಹೇಳಿದರು, "ದಫೇದಾರ್ರೇ, ನಿಮ್ಮ ಭಾವಮೈದನಿಗೆ ಹೇಳಿ. ಗುಡ್ಡದ ಹಿಂದಿನ ದಾರಿಗೆ ಅವನೇ ಪಾದ ಬರೀಬೇಕು. ಬೋರ್ಡಿನಲ್ಲಿ ಅವನ ಹೆಸರೂ ಬರೀಲಿ."

"ಮೆಲ್ಲಗೆ ಬನ್ನಿ," ಎಂದರು ಟೀಚರ್. "ಒಬ್ಬರ ಹಿಂದೆ ಒಬ್ಬರು."

ದಫೇದಾರ ಬಗ್ಗಿ ಲೇಸು ಬಿಚ್ಚಿದ. ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು, ನಿದ್ದೆ ಹೋದ ಮಗುವಿನ ಕೋಣೆಯಿಂದ ಹೊರಬರುವವನಂತೆ, ಬರಿಗಾಲಲ್ಲಿ ಆ ನೆಲವನ್ನು ದಾಟಿದ.