ಕಳ್ಳಿಗೂ ಒಂದು ಲೋಟ ನೀರು

ಡೊಂಬಿವಲಿ ಸ್ಟೇಷನ್ನಿನ ಎದುರಿನ ಆ ಹೋಟೆಲಿನಲ್ಲಿ ಯಾರು ಬಂದು ಕುಳಿತರೂ ಮೊದಲು ಒಂದು ಲೋಟ ನೀರು, ಆಮೇಲೆ ಮಾತು. ಅದು ಧಣಿ ಶೇಖರಣ್ಣನ ಕಾನೂನು. ಜಗಳಕ್ಕೆ ಬಂದವನಿಗೂ ನೀರು. ಒಮ್ಮೆ ಗಾಳಿಗೆ ಹಾರಿಬಂದು ಕುರ್ಚಿಯ ಮೇಲೆ ಕುಳಿತ ಕೊಡೆಯ ಮುಂದೆಯೂ ಕೌಂಟರಿನ ಹುಡುಗ ಲೀಲಾಧರ ಲೋಟ ಇಟ್ಟಿದ್ದ. ಕೊಡೆ ಕುಡಿಯಲಿಲ್ಲ. ಅದರ ಯಜಮಾನ ಹುಡುಕಿಕೊಂಡು ಬಂದು ಕುಡಿದು, ಎರಡು ಮಸಾಲೆ ದೋಸೆ ತಿಂದು ಹೋದ.

ಆ ಹೋಟೆಲಿಗೆ ಉಮಾವತಿ ದಿನಾ ಸಂಜೆ ಬರುತ್ತಿದ್ದಳು. ಠಾಣೆಯ ಔಷಧಿ ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್. ಲೋಕಲ್ ರೈಲಿನಿಂದ ಇಳಿದರೆ ಸೀರೆಯ ನೆರಿಗೆ ಮುದುಡಿದ್ದರೂ ಮುಖದ ನಗು ಮಾತ್ರ ಇಸ್ತ್ರಿ ಮಾಡಿದ ಹಾಗೆಯೇ ಇರುತ್ತಿತ್ತು. ಕಾಫಿ ಲೋಟದ ಅಂಚಿನ ಮೇಲಿಂದ ಅವಳು ಒಮ್ಮೆ ಕಣ್ಣೆತ್ತಿದರೆ, ಕೌಂಟರಿನಲ್ಲಿದ್ದ ಲೀಲಾಧರ ಉಪ್ಪಿಟ್ಟಿಗೆ ಪೂರಿಯ ಬಿಲ್ಲು ಬರೆಯುತ್ತಿದ್ದ.

ಎಲ್ಲ ಚೆನ್ನಾಗಿಯೇ ಇತ್ತು, ಅವಳು ಅವನನ್ನು "ಲೀಲಾಧರಣ್ಣ" ಎಂದು ಕರೆಯುವುದೊಂದನ್ನು ಬಿಟ್ಟು. ಊರ ಕಡೆಯ ಮರ್ಯಾದೆ ಅದು, ತಪ್ಪಿಲ್ಲ. ಆದರೆ ಆ ಅಣ್ಣ ಎಂಬುದು ಪ್ರತಿ ಸಂಜೆ ಬಾಗಿಲಲ್ಲಿ ಕಾವಲುಗಾರನಂತೆ ನಿಂತು ಅವನ ಎದೆಯ ಮಾತನ್ನು ಒಳಗೇ ಅಟ್ಟುತ್ತಿತ್ತು.

ಒಂದು ಬೆಳಿಗ್ಗೆ ಅವಳು ಮಣ್ಣಿನ ಕುಂಡವೊಂದನ್ನು ಮಗುವಿನಂತೆ ಎತ್ತಿಕೊಂಡು ಬಂದಳು.

ಕುಂಡದಲ್ಲಿದ್ದದ್ದು ಕಳ್ಳಿಯೇ. ಆದರೆ ನೆಟ್ಟಗೆ ಬೆಳೆಯಬೇಕಾದ ಕಳ್ಳಿ ಅರ್ಧದಲ್ಲಿ ಮನಸ್ಸು ಬದಲಾಯಿಸಿ ಬೀಸಣಿಗೆಯಂತೆ ಹರಡಿ, ಕೋಳಿ ಅಂಕದ ಹುಂಜದ ಜುಟ್ಟಿನ ಹಾಗೆ ನೆರಿಗೆ ನೆರಿಗೆಯಾಗಿ ಸುರುಳಿ ಸುತ್ತಿಕೊಂಡಿತ್ತು. ಸಾವಿರಾರು ಗಿಡಗಳಲ್ಲಿ ಎಲ್ಲೋ ಒಂದಕ್ಕೆ ಹೀಗೆ ಜುಟ್ಟು ಬರುತ್ತದಂತೆ. ಕಾರ್ಖಾನೆಯ ಮುದುಕ ಕೆಮಿಸ್ಟ್ ರಿಟೈರ್ ಆಗುವಾಗ ಅವಳಿಗೆ ಕೊಟ್ಟದ್ದು. ಅದನ್ನು ನೋಡಲು ಕಲ್ಯಾಣದಿಂದ ಒಬ್ಬ ಹಜಾಮ ಬಾಚಣಿಗೆ ಹಿಡಿದುಕೊಂಡೇ ಬಂದಿದ್ದನೆಂದು ಅವಳ ಬಿಲ್ಡಿಂಗಿನವರು ಈಗಲೂ ಹೇಳುತ್ತಾರೆ.

ಅವಳು ಊರಿಗೆ ಹೊರಟಿದ್ದಳು. ಚಿಕ್ಕಮ್ಮ ರತ್ನಾವತಿಯೂ ಜೊತೆಗೆ, ಮನೆಗೆ ಬೀಗ. ಕಾರ್ಕಳದಲ್ಲಿ ಒಬ್ಬ ಹುಡುಗ ನೋಡುವುದಕ್ಕಿದ್ದಾನೆ ಎಂಬುದನ್ನು ಅವಳು ಕಳ್ಳಿಯ ಕಡೆ ತಿರುಗಿ ಹೇಳಿದಳು. ಅವನೂ ಕಳ್ಳಿಯ ಕಡೆಗೇ ನೋಡುತ್ತಾ ಒಳ್ಳೆಯದಾಯಿತು ಎಂದ.

"ನೆಂಟರ ಹಾಗೆ ನೋಡ್ಕೊಳ್ಳಿ ಲೀಲಾಧರಣ್ಣ. ಇದಕ್ಕೆ ಎಂತಾದ್ರೂ ಆದ್ರೆ ನಾನು ಮತ್ತೆ ಈ ಹೋಟೆಲಿನ ಮೆಟ್ಟಿಲು ಹತ್ತುದಿಲ್ಲ." ನಗುತ್ತಲೇ ಹೇಳಿದಳು. ಆದರೆ ಬಸ್ಸಿಗೆ ಓಡುವಾಗ ಮೂರು ಸಲ ತಿರುಗಿ ನೋಡಿದಳು. ಗಿಡವನ್ನೋ ತನ್ನನ್ನೋ ಎಂದು ಲೀಲಾಧರನಿಗೆ ಇತ್ಯರ್ಥವಾಗಲಿಲ್ಲ.

ನೆಂಟರು ಎಂದ ಮೇಲೆ ಕೇಳಬೇಕೇ? ದಿನಾ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಮೊದಲ ಲೋಟ ಕಳ್ಳಿಗೆ. ಪಾಪ, ಅದಕ್ಕೆ ಕೈಯಿಲ್ಲವೆಂದು ತಾನೇ ಬುಡಕ್ಕೆ ಹೊಯ್ಯುತ್ತಿದ್ದ. ಮಧ್ಯಾಹ್ನ ಸೆಕೆಯೆಂದು ಇನ್ನೊಂದು.

ಒಂದು ದಿನ ಕುಂಡ ಒರೆಸುವಾಗ ಬುಡಕ್ಕೆ ಬೆರಳು ತಾಗಿತು. ಬೆಂದ ಬದನೆಕಾಯಿಯ ಹಾಗೆ ಮೆತ್ತಗಿತ್ತು. ಲೀಲಾಧರ ಅಲ್ಲಿಯೇ ಅಕ್ಕಿ ಮೂಟೆಯ ಮೇಲೆ ಕುಳಿತುಬಿಟ್ಟ. ಅವಳು ಕಾರ್ಕಳದವನನ್ನು ಒಪ್ಪಿದರೆ ಅದು ಹಣೆಬರಹ. ಆದರೆ ಒಪ್ಪದೆ ಬಂದೂ ಹೋಟೆಲಿಗೆ ಬರದಿದ್ದರೆ? ಅದು ತಾನೇ ಲೋಟದಲ್ಲಿ ಅಳೆದು ಹೊಯ್ದದ್ದು.

ಶೇಖರಣ್ಣ ಬಂದು ನೋಡಿದರು, ಮೂಸಿದರು. "ಕಳ್ಳಿಗೆ ನೀರು ಕುಡಿಸಿದವ ನೀನೊಬ್ಬನೇ ಮಾರಾಯ. ಮೇಲಿನ ಜುಟ್ಟು ಗಟ್ಟಿ ಉಂಟಲ್ಲ ಇನ್ನೂ? ಊರಲ್ಲಿ ಮಾವಿಗೆ ಕಸಿ ಕಟ್ಟುದು ನೋಡ್ಲಿಲ್ವಾ? ಬೇರೆ ಬುಡ ಹುಡುಕು."

ಲೀಲಾಧರ ಪಕ್ಕದ ಸ್ಟೇಷನ್ ಠಾಕುರ್ಲಿಗೆ ಹೋಗಿ, ರೈಲು ಹಳಿಯ ಪಕ್ಕದಿಂದ ಒಂದು ಪಾಪಾಸುಕಳ್ಳಿಯನ್ನು ಬೇರು ಸಮೇತ ಅಗೆದು ಅಪ್ಪಿಕೊಂಡು ಲೋಕಲ್ ಹತ್ತಿದ. ಆ ಮುಳ್ಳಿಗೆ ಜನ ಎಷ್ಟು ಸರಿದರೆಂದರೆ, ಬೆಳಿಗ್ಗೆ ಆಫೀಸಿಗೆ ಹೋಗುವ ಹೊತ್ತಿನಲ್ಲಿ ಅವನು ಡೊಂಬಿವಲಿಗೆ ಕುಳಿತುಕೊಂಡು ಬಂದ. ಇದನ್ನು ಇವತ್ತಿಗೂ ಯಾರೂ ನಂಬುವುದಿಲ್ಲ.

ಕುದಿವ ನೀರಿನಲ್ಲಿ ಅದ್ದಿದ ಚಾಕುವಿನಿಂದ ಕೊಳೆತದ್ದನ್ನೆಲ್ಲ ಕೊಯ್ದ. ಕಂದು ಕಲೆ ಮಾಯವಾಗಿ ಹಸಿರು ಕಾಣುವವರೆಗೂ ಕೊಯ್ದ. ಪಾಪಾಸುಕಳ್ಳಿಯನ್ನು ಅದೇ ಕುಂಡದಲ್ಲಿ ನೆಟ್ಟು, ಅದರ ತಲೆ ಕತ್ತರಿಸಿ, ಗಾಯಕ್ಕೆ ಗಾಯ ಸೇರಿಸಿ ಜುಟ್ಟನ್ನು ಕೂರಿಸಿದ. ಕಟ್ಟಲು ಸಿಕ್ಕಿದ್ದು ಇಡ್ಲಿ ಪಾರ್ಸೆಲಿನ ಬಿಳಿ ದಾರ. ಆಮೇಲೆ ನೀರಿನ ಕೊಡದ ಕಡೆ ಕೈ ಹೋದಾಗಲೆಲ್ಲ ತನ್ನ ಕೈಗೆ ತಾನೇ ಹೊಡೆದುಕೊಂಡ.

ಉಮಾವತಿ ಬಂದಾಗ ದಾರ ಇನ್ನೂ ಇತ್ತು. ಅವಳು ಕುಂಡದ ಸುತ್ತ ಒಂದು ಸುತ್ತು ಬಂದಳು.

"ಇದೇನು, ಯಾರಿಗೆ ಪಾರ್ಸೆಲ್?"

ಅವನು ಎಲ್ಲವನ್ನೂ ಹೇಳಿದ. ಲೋಟಗಳನ್ನೂ ಬಿಡಲಿಲ್ಲ. ಅವಳು ತುಟಿ ಕಚ್ಚಿಕೊಂಡು ಕೇಳಿದಳು. ಅಳು ತಡೆಯುತ್ತಿದ್ದಾಳೆ ಎಂದುಕೊಂಡ. ನೀರು ಹಾಕಬಾರದೆಂದು ಹೇಳಲು ತಾನೂ ಮರೆತಿದ್ದೆ ಎಂದಳು. ಆದರೂ ಬದುಕುತ್ತದೋ ಇಲ್ಲವೋ ಈಗಲೇ ಗೊತ್ತಾಗದು, ದಿನಾ ಬಂದು ನೋಡುತ್ತೇನೆ ಎಂದಳು. ಕಾರ್ಕಳದ ಸುದ್ದಿ ಅವಳು ಎತ್ತಲಿಲ್ಲ. ಕೇಳುವ ಧೈರ್ಯ ಅವನಿಗಿರಲಿಲ್ಲ.

ದಿನಾ ಬಂದಳು. ಇಬ್ಬರೂ ಕುಂಡದ ಮೇಲೆ ಬಗ್ಗಿದಾಗ ಅವಳ ಜಡೆಯ ಮಲ್ಲಿಗೆ ಅವನ ಕಿವಿಗೆ ತಾಗುತ್ತಿತ್ತು. ಗಿಡ ಬೇಗ ಚಿಗುರದಿರಲಿ ಎಂದೂ, ಸಾಯದಿರಲಿ ಎಂದೂ ಅವನು ಒಂದೇ ದೇವರಿಗೆ ಹರಕೆ ಹೊತ್ತ.

ಮಳೆಗಾಲಕ್ಕೆ ಸ್ವಲ್ಪ ಮುಂಚೆ ಒಂದು ಸಂಜೆ ಅವಳು ದಾರ ಬಿಚ್ಚಿದಳು. ಅವನು ಕಣ್ಣು ಮುಚ್ಚಿಕೊಂಡ.

"ಕಣ್ಣು ಬಿಡಿ. ಬೀಳ್ಲಿಲ್ಲ."

ಜುಟ್ಟಿನ ಅಂಚಿನುದ್ದಕ್ಕೂ ಹೊಸ ಹಸಿರು, ಅದರ ಮೇಲೆ ಹತ್ತಿಯಂಥ ಬಿಳಿ ನವಿರು. ಅವನು ಬಿಟ್ಟ ಉಸಿರಿಗೆ ಕೌಂಟರಿನ ಬಿಲ್ಲುಗಳು ಹಾರಿದವು.

ಅವಳು ತನ್ನ ಮಾಮೂಲು ಮೇಜಿಗೆ ಹೋಗಿ ಕುಳಿತಳು. ಅವನು ಅಭ್ಯಾಸದಂತೆ ನೀರಿಟ್ಟ.

ದಾರವನ್ನು ಬೆರಳಿಗೆ ಸುತ್ತುತ್ತಾ ಅವಳು ಹೇಳಿದಳು: "ಕಾರ್ಕಳದವರು ಮುಳ್ಳಿನ ಗಿಡ ಮನೆಗೆ ಆಗುದಿಲ್ಲ, ಅದನ್ನು ಬಿಟ್ಟು ಬರ್ಬೇಕು ಅಂದ್ರು. ಗಿಡ ಬಿಡುದಿಲ್ಲ ಅಂದೆ. ಚಿಕ್ಕಮ್ಮ ಕೇಳಿದ್ರು, ಬರೀ ಗಿಡವಾ ಅಂತ."

"ನೀವೆಂತ ಹೇಳಿದ್ರಿ?"

"ಎಂತ ಹೇಳುದು? ಕೌಂಟರಿನ ಕಡೆಯಿಂದ ಇನ್ನೂ ಒಂದು ಮಾತೂ ಬರ್ಲಿಲ್ಲ ಅಂದೆ."

ಲೀಲಾಧರ ಬಾಯಿ ತೆರೆದ. ಎಷ್ಟೋ ಸಂಜೆಗಳಿಂದ ಕಟ್ಟಿಟ್ಟ ಮಾತುಗಳೆಲ್ಲ ಒಟ್ಟಿಗೇ ಬಾಗಿಲಿಗೆ ನುಗ್ಗಿದವು. ಕೊನೆಗೆ ಹೊರಬಿದ್ದದ್ದು ಇಷ್ಟೇ: "ನಮ್ಮ ಮನೆಗೆ... ಮುಳ್ಳು ಆಗ್ತದೆ."

ಉಮಾವತಿ ನಗಲಿಲ್ಲ. ಮೇಜಿನ ಮೇಲಿದ್ದ ಲೋಟವನ್ನು ಎರಡು ಬೆರಳಿನಿಂದ ಮೆಲ್ಲಗೆ ಅವನ ಕಡೆಗೆ ಸರಿಸಿದಳು.

"ಮೊದಲು ನೀರು ಕುಡೀರಿ, ಲೀಲಾಧರ. ಮಾತು ಆಮೇಲೆ."

ಅವನು ಗಟಗಟನೆ ಕುಡಿದ. ಹೆಸರಿನ ಕೊನೆಯ ಅಣ್ಣ ಮಾಯವಾದದ್ದು ಲೋಟ ಖಾಲಿಯಾದ ಮೇಲೆ ಹೊಳೆಯಿತು.