ಏಳನೇ ಗಂಟಿನ ಅರಿವೆ

ಏಳನೇ ಗಂಟು ಬಿಚ್ಚಿದಾಗ ಒಳಗೆ ಪುಸ್ತಕವಿರಲಿಲ್ಲ. ಮಣ್ಣಿತ್ತು.

ನಾರಾಯಣಪೇಟೆಯ ನಕ್ಷೆ ಕಚೇರಿಯ ಅಂಗಳದಲ್ಲಿ ನಾಲ್ಕು ಎತ್ತಿನ ಗಾಡಿಗಳು ನಿಂತಿದ್ದವು. ನಿಜಾಮರ ಫಸಲಿ ೧೩೪೧ನೇ ವರ್ಷ, ಬೇಸಿಗೆಯ ಒಂದು ಶನಿವಾರ. ಕಚೇರಿಯನ್ನು ಮುಚ್ಚಿ ಮಕ್ತಲಕ್ಕೆ ಸೇರಿಸಬೇಕೆಂದು ಹೈದರಾಬಾದಿನಿಂದ ಹುಕುಂ ಬಂದು ತಿಂಗಳಾಗಿತ್ತು. ಇದ್ದ ಹನ್ನೊಂದು ಮಂದಿಯಲ್ಲಿ ಆರು ಮಂದಿ ಮಕ್ತಲಕ್ಕೆ, ಐದು ಮಂದಿ ಮನೆಗೆ. ಸರ್ಕಾರ ಅದನ್ನು ತಖ್ಫೀಫು ಎಂದಿತ್ತು. ಊರವರು ಕತ್ತರಿ ಎನ್ನುತ್ತಿದ್ದರು. ಕಚೇರಿಯ ಎದುರು ಅರ್ಜಿ ಬರೆದುಕೊಡುತ್ತಿದ್ದ ಮುದುಕರು ಆಗಲೇ ಚಾಪೆ ಸುತ್ತಿದ್ದರು. ಖಾನಾವಳಿಯವನು ಒಂದು ಒಲೆ ಆರಿಸಿದ್ದ.

ಕತ್ತರಿಗೂ ಒಂದು ಲೆಕ್ಕವಿತ್ತು. ಐವತ್ತೈದು ದಾಟಿದವರು ಮೊದಲು ಹೋಗಬೇಕು, ಆಮೇಲೆ ಇತ್ತೀಚೆಗೆ ಸೇರಿದವರು. ಯಾರ ವಯಸ್ಸೆಷ್ಟು, ಯಾರು ಎಂದು ಸೇರಿದರು ಎಂಬುದೆಲ್ಲ ಒಂದೇ ನೌಕರಿ ಪುಸ್ತಕದಲ್ಲಿತ್ತು. ಏಳನೇ ಗಂಟಿನಲ್ಲಿರಬೇಕಿದ್ದ ಅದಕ್ಕೆ ನಕಲಿರಲಿಲ್ಲ. ಸೋಮವಾರ ಮಕ್ತಲದಲ್ಲಿ ದೊಡ್ಡ ಸಾಹೇಬರು ಅದನ್ನು ನೋಡಿ ಹೆಸರು ಗುರುತು ಮಾಡುವವರಿದ್ದರು.

ದಫ್ತರಿ ಕರಿಬಸಯ್ಯ ಗಂಟಿನ ಮುಂದೆ ಕುಸಿದು ಕೂತ. ಕಚೇರಿಯ ಕಾಗದಗಳನ್ನು ಅರಿವೆಯಲ್ಲಿ ಕಟ್ಟಿ, ಕೇಳಿದಾಗ ಬಿಚ್ಚಿಕೊಟ್ಟು, ಹುಳ ಬೀಳದಂತೆ ಕಾಯುವುದು ಅವನ ಕೆಲಸ. ಹತ್ತೊಂಬತ್ತು ವರ್ಷ ಕಾದಿದ್ದ. ಈಗ ಅವನ ಮುಂದೆ ಜರಡಿಯಾದ ಕಾಗದದ ಚೂರುಗಳಿದ್ದವು, ಗೆದ್ದಲಿನ ಮಣ್ಣಿತ್ತು.

"ಗೆದ್ದಲಕ್ಕ ಸರ್ಕಾರಿ ಕಾಗದ ಯಾವುದು, ಖಾಸಗಿ ಯಾವುದು ತಿಳೀತದೇನು?" ಎಂದರು ಸಿರಸ್ತೇದಾರ ಪ್ರಾಣೇಶರಾಯರು. "ದೈವೇಚ್ಛಾ. ಇದರಾಗ ಯಾರ ತಪ್ಪೂ ಇಲ್ಲ."

"ತಪ್ಪಿಲ್ಲ ಅಂದ್ರ ಹೆಂಗ್ರೀ ರಾಯರ?" ಗುಮಾಸ್ತ ಅಂಜಯ್ಯ ಬಿಡಲಿಲ್ಲ. "ಬೇವಿನ ಸೊಪ್ಪು ಇಡಾಕ ಅಂತನ ಇವಗ ಪಗಾರ ಐತಿ. ಮನ್ಯಾಗ ಚಟ್ನಿ ಮಾಡಿ ತಿಂದನೇನು?"

ಇಬ್ಬರು ನಕ್ಕರು. ಕರಿಬಸಯ್ಯ ತಲೆ ಎತ್ತಲಿಲ್ಲ. ಬೇಪರ್ವಾಯಿ, ಅಂದರೆ ಕೆಲಸದಲ್ಲಿ ಅಲಕ್ಷ್ಯ, ಎಂದು ಬರೆದರೆ ನೌಕರಿಯೂ ಇಲ್ಲ, ಮುಪ್ಪಿಗೆ ಪಿಂಚಣಿಯ ವಜೀಫವೂ ಇಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

ಕಂಬದ ಮರೆಯಲ್ಲಿ ಅವನ ಮಗಳು ಶೇಖಮ್ಮ ನಿಂತಿದ್ದಳು. ಗಂಟು ಕಟ್ಟುವ ಅರಿವೆಗಳನ್ನು ಹೊಲಿಯುವವಳು ಅವಳೇ. ಹೊಸ ಅರಿವೆ ಕೊಟ್ಟುಹೋಗಲು ಬಂದಿದ್ದಳು. ಗಂಡಸರಿದ್ದಲ್ಲಿ ಅವಳಿಗೆ ಬಾಯಿ ಬರುತ್ತಿರಲಿಲ್ಲ. ಕಣ್ಣು ಮಾತ್ರ ಬಿಡುವಿಲ್ಲದೆ ನೋಡುತ್ತಿತ್ತು.

"ಈ ಹೊಲಸು ಅರಿವಿ ಒಯ್ದು ಒಗದು ತಾ," ಎಂದು ಅಂಜಯ್ಯ ಏಳನೇ ಗಂಟಿನ ಅರಿವೆಯನ್ನು ಅವಳ ಕಡೆ ಎಸೆದ.

ಅವಳು ಹಿಡಿದುಕೊಂಡಳು. ಬಿಚ್ಚಿ ನೋಡಿದಳು. ಆಮೇಲೆ ಯಾರೂ ನೋಡದ ಹಾಗೆ ಮಡಚಿ ಸೆರಗಿನೊಳಗೆ ಇಟ್ಟುಕೊಂಡಳು.

*

ಮಧ್ಯಾಹ್ನ ರೊಟ್ಟಿ ಹಾಗೇ ತಣ್ಣಗಾಯಿತು.

"ಎಪ್ಪಾ," ಎಂದಳು ಶೇಖಮ್ಮ. "ಅರಿವಿ ತೂತ ಬಿದ್ದಿಲ್ಲ."

"ಹಾಂ?"

"ಒಂದೂ ತೂತಿಲ್ಲ. ಗೆದ್ದಲ ಹೊರಗಿಂದ ಬರಬೇಕಲ್ಲ? ಮೊದಲ ಅರಿವಿ ತಿಂದು ಆಮ್ಯಾಲ ಕಾಗದಕ್ಕ ಹೋಗತಾವ. ಹಲಗಿ ಮ್ಯಾಲೂ ಮಣ್ಣಿನ ಗೆರಿ ಇರಲಿಲ್ಲ. ನೀನ ಮನ್ನಿ ಒರಸಿದ್ದಿ."

ಕರಿಬಸಯ್ಯ ಅರಿವೆಯನ್ನು ಬೆಳಕಿಗೆ ಹಿಡಿದ. ನೇಕಾರರ ಓಣಿಯ ಗಟ್ಟಿ ಬಟ್ಟೆ. ಮೂಲೆಯಲ್ಲಿ ಮಗಳು ಹಸಿರು ದಾರದಲ್ಲಿ ಹೊಲಿದ ಏಳು. ಇಡೀ ಅರಿವೆ ಹೊಸದರಂತಿತ್ತು.

"ಯಾರೋ ತಿಂದ ಕಾಗದ ತಂದು ಇದರಾಗ ಕಟ್ಯಾರ," ಎಂದಳು.

"ಯಾರು ಕಟ್ಟತಾರ? ಕೀಲಿ ನನ್ನ ಕಡೆ ಇರತೈತಿ."

"ಊಟಕ್ಕ ಬರೋವಾಗ ಅದನ್ನ ರಾಯರ ಕೋಣ್ಯಾಗ ಮೊಳೀಗೆ ತೂಗಹಾಕಿ ಬರತಿ."

ಆ ಮೊಳೆ ಎಲ್ಲರ ಕೈಗೂ ಸಿಗುತ್ತಿತ್ತು. "ಬ್ಯಾಡವ್ವ," ಎಂದ ಕರಿಬಸಯ್ಯ. "ಬಡವರು ಬಾಯಿ ಬಿಡಬಾರದು. ರಾಯರು ಅದಾರ. ನನಗ ನೌಕರಿ ಕೊಡಿಸಿದವರ ಅವರು. ಅವರ ನೋಡಿಕೊಳತಾರ."

ಶೇಖಮ್ಮನಿಗೂ ರಾಯರ ಋಣವಿತ್ತು. ಅವ್ವ ಸತ್ತ ವರ್ಷ ಅವಳು ಮೂರನೇ ಇಯತ್ತೆಯಲ್ಲಿ ಶಾಲೆ ಬಿಟ್ಟಳು. ಕಚೇರಿಯ ಮೆಟ್ಟಿಲ ಮೇಲೆ ಕೂರಿಸಿಕೊಂಡು ಒತ್ತಕ್ಷರ ಕಲಿಸಿದವರು ರಾಯರು. ರದ್ದಿ ಕಾಗದದ ಹಿಂಬದಿಯಲ್ಲಿ ಅವಳು ಬರೆದದ್ದನ್ನು ತಿದ್ದಿಕೊಡುತ್ತಿದ್ದರು.

ಅವಳು ಅರಿವೆಯನ್ನು ಒಗೆಯಲಿಲ್ಲ. ಮಡಿಕೆಯಲ್ಲಿ ಒಂದು ಚಿಟಿಕೆ ಮಣ್ಣು ಉಳಿದಿತ್ತು.

*

ಪುಸ್ತಕ ಹೋದದ್ದು ನಿಜವಾಗಿ ಗೆದ್ದಲಿನಿಂದಲೋ ಎಂದು ವಿಚಾರಿಸಲು ಸಂಜೆಗೆ ಮಕ್ತಲ್ ಠಾಣೆಯ ಪೊಲೀಸ್ ಅಮೀನರು ಬಂದರು. ಹೆಸರು ವಿಜಯೀಂದ್ರರಾಯರು, ಊರು ಗದ್ವಾಲ. ಸಣ್ಣ ಆಳು, ದೊಡ್ಡ ಮೀಸೆ. ಕಚೇರಿಯಲ್ಲಿ ಅವರು ಕೇಳಿದ್ದು ಎರಡೇ ಪ್ರಶ್ನೆ.

"ಪುಸ್ತಕ ಹೋದರ ಯಾರಿಗೆ ಲಾಭ?"

"ಹೊಸಬರಿಗೆ," ಎಂದ ಅಂಜಯ್ಯ. "ಮಾರ್ಕಂಡೇಯ ಸೇರಿ ನಾಕ ವರ್ಷ ಆತ್ರಿ. ಕತ್ತರಿ ಅವನ ಕೊಳ್ಳಿನ ಮ್ಯಾಲನ ಐತಿ."

"ಗೆದ್ದಲ ತಿಂದ ಕಾಗದ ಎಲ್ಲಿ ಸಿಗತದ?"

"ಅವನ ಮನ್ಯಾಗ ಮಗ್ಗದ ಗುಂಡ್ಯಾಗ ಬೇಕಾದಷ್ಟು ಗೆದ್ದಲ ಅದಾವ್ರಿ."

ಜವಾನ ಮಾರ್ಕಂಡೇಯ ನೇಕಾರರ ಹುಡುಗ. ಮಗ್ಗ ನಡೆಯದೆ ಕಚೇರಿಗೆ ಸೇರಿದವನು. ಹೋಗಿ ನೋಡಿದರೆ ಮಗ್ಗದ ಗುಂಡಿಯ ಗೋಡೆಗೆ ಗೆದ್ದಲು ಗೂಡು ಕಟ್ಟಿತ್ತು. ಅಮೀನರು ಅವನನ್ನು ಚಾವಡಿಯಲ್ಲಿ ಕಾವಲಿಟ್ಟು ಕೂರಿಸಿದರು.

ಮರುದಿನ ಬೆಳಿಗ್ಗೆ ಶೇಖಮ್ಮ ಅವನ ಮನೆಗೆ ಹೋದಳು. ಅವನ ತಾಯಿ ಅನಂತಮ್ಮ ಬಾಗಿಲಲ್ಲೇ ಕೂತಿದ್ದಳು.

"ನೋಡಬೇ ತಂಗಿ," ಎಂದಳು. "ನನ್ನ ಮಗ ದಾರ ಹರದರ ಹತ್ತು ಸಲ ಕೂಡಸಾಂವ. ಇನ್ನೊಬ್ಬರ ಅನ್ನ ಹರೀತಾನೇನು?"

ಶೇಖಮ್ಮ ಮಗ್ಗದ ಕಡೆ ನಡೆದಳು. ಗುಂಡಿಗೆ ಇಳಿದಳು. ಗೂಡಿನ ಮಣ್ಣನ್ನು ಉಗುರಿನಿಂದ ಕೆರೆದಳು. ಸೆರಗಿನಿಂದ ಅರಿವೆ ತೆಗೆದು ಪಕ್ಕಕ್ಕಿಟ್ಟು ನೋಡಿದಳು.

ಬಹಳ ಹೊತ್ತು ನೋಡಿದಳು. ಎರಡೂ ಮಣ್ಣು ಒಂದಾಗಿರಲಿಲ್ಲ. ಸುಮ್ಮನೆ ಮನೆಗೆ ಹೋದರೆ ತಪ್ಪು ಮಾರ್ಕಂಡೇಯನ ಮೇಲೆ ಕೂಡುತ್ತದೆ, ಅಪ್ಪ ಉಳಿಯುತ್ತಾನೆ. ಯಾರೂ ಅವಳನ್ನು ಏನೂ ಕೇಳುವುದಿಲ್ಲ.

ಅನಂತಮ್ಮ ಹಿಂದಿನಿಂದ, "ನೀರು ಕುಡದು ಹೋಗಬೇ, ಬಿಸಲ ಭಾಳ ಐತಿ," ಎಂದಳು.

ಶೇಖಮ್ಮ ನೀರು ಕುಡಿದಳು. ಚಾವಡಿಯ ದಾರಿ ಹಿಡಿದಳು.

*

ಚಾವಡಿಯ ಬಾಗಿಲಲ್ಲಿ ಅವಳ ಕಾಲು ಕಟ್ಟಿಹಾಕಿದಂತಾಯಿತು.

"ಯಾರವಾ? ಏನು ಬೇಕು?" ಎಂದರು ಅಮೀನರು.

ಬಾಯಿ ತೆರೆದಳು. ದನಿ ಬರಲಿಲ್ಲ. ಪೊಲೀಸಿನವನೊಬ್ಬ ಕಿಸಕ್ಕನೆ ನಕ್ಕ.

ಅಮೀನರು ಅವನನ್ನು ಹೊರಗೆ ಕಳಿಸಿದರು. ಆಮೇಲೆ ಯಾವ ಅಧಿಕಾರಿಯೂ ಮಾಡದ ಕೆಲಸ ಮಾಡಿದರು. ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತರು.

"ನನಗೂ ನಿನ್ನಂಥ ತಂಗಿ ಇದ್ದಾಳ," ಎಂದರು ಗೋಡೆಗೆ. "ಮಂದಿ ಮುಂದ ಮಾತಾಡೂದಿಲ್ಲ. ಆದರ ಅಕಿ ಕಂಡದ್ದು ಮನ್ಯಾಗ ಯಾರೂ ಕಂಡಿರೂದಿಲ್ಲ. ನೀ ಗೋಡಿಗೆ ಹೇಳಿಧಂಗ ಹೇಳು. ಅವಸರ ಇಲ್ಲ."

ಹೊರಗೆ ಗಾಡಿಯೊಂದು ಹೋಯಿತು. ಇನ್ನೊಂದು ಹೋಯಿತು. ಕುರ್ಚಿ ತಿರುಗಲಿಲ್ಲ.

"ಅರಿವಿ ತೂತ ಬಿದ್ದಿಲ್ರಿ," ಎಂದಳು ಶೇಖಮ್ಮ.

ಅಲ್ಲಿಂದ ಮಾತು ತಾನಾಗಿ ಬಂತು. ಎಲ್ಲ ಹೇಳಿದಳು. ಕೊನೆಯಲ್ಲಿ ಒಂದು ಹೆಸರು ಹೇಳಬೇಕಾಯಿತು. ಅದನ್ನು ಹೇಳುವಾಗ ಅತ್ತಳು.

*

ಮಧ್ಯಾಹ್ನ ಅಮೀನರು ಎಲ್ಲರನ್ನೂ ಕಚೇರಿಯಲ್ಲಿ ಕೂಡಿಸಿದರು. ಮೇಜಿನ ಮೇಲೆ ಅರಿವೆಯನ್ನು ಮಗುಚಿ ಹಾಸಿದರು. ಮೂಲೆಯ ಹೊಲಿಗೆ ಕೆಳಗೆ ಮರೆಯಾಯಿತು. ಪಕ್ಕದಲ್ಲಿ ಎರಡು ಎಲೆ. ಒಂದರಲ್ಲಿ ಕೆಂಪು ಮಣ್ಣು, ಒಂದರಲ್ಲಿ ಕರಿ ಮಣ್ಣು.

"ರಾಯರ, ಒಂದು ಮಾತು," ಎಂದು ಸಿರಸ್ತೇದಾರರ ಕಡೆ ತಿರುಗಿದರು. "ಈ ಅರಿವಿ ಮ್ಯಾಲ ನಂಬರ್ ಯಾವ ಬಣ್ಣದ ದಾರದಾಗ ಹೊಲದದ?"

"ದಾರ?" ಪ್ರಾಣೇಶರಾಯರು ತಡವರಿಸಿದರು. "ಕೆಂಪು ಇರಬೇಕು."

"ಹಸಿರು. ನೀವು ಮೂವತ್ತು ವರ್ಷ ಕಾಗದ ನೋಡಿದ್ದೀರಿ. ಅರಿವಿ ನೋಡಿಲ್ಲ. ತಾ ಅಂತೀರಿ, ದಫ್ತರಿ ಬಿಚ್ಚಿ ಕಾಗದ ಮುಂದಿಡತಾನ. ನೋಡಿ ಆದಮ್ಯಾಲ ಅವನ ಕಟ್ಟತಾನ. ಗುಮಾಸ್ತರೆಲ್ಲ ಹಂಗ. ಜವಾನರು ಹಂಗಲ್ಲ. ಅವರ ಕೈಯಾಗ ಇರೋದ ಅರಿವಿ. ಮಾರ್ಕಂಡೇಯ ಈ ಕೆಲಸ ಮಾಡಿದ್ದರ ಮೊದಲ ಅರಿವಿಗೆ ನಾಕು ತೂತು ಹಾಕತಿದ್ದ. ತಿಂದ ಕಾಗದ ಇಟ್ಟು, ತಿನ್ನದ ಅರಿವ್ಯಾಗ ಕಟ್ಟಿದವರು ಅರಿವಿಯನ್ನ ಎಂದೂ ನೋಡದವರು."

ಅಂಜಯ್ಯ ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದ.

"ನಿಲ್ರಿ, ನೀವಲ್ಲ," ಎಂದರು ಅಮೀನರು. "ಈ ಕೆಂಪು ಮಣ್ಣು ಮಾರ್ಕಂಡೇಯನ ಗುಂಡೀದು. ನಾರಾಯಣಪೇಟೀ ಮಣ್ಣೆಲ್ಲ ಇದ ಮಸಾರಿ. ಈ ಕರೀದು ಅರಿವ್ಯಾಗ ಸಿಕ್ಕದ್ದು. ಇದು ಎರಿ. ನಾ ಗದ್ವಾಲದಾಂವ, ಹೊಳೀ ದಂಡಿ ಎರಿ ಮಣ್ಣು ನನಗ ಗೊತ್ತದ. ಈ ತಿಂಗಳು ರಜಾ ಹಾಕಿ ಆ ಕಡೆ ಹೋಗಿ ಬಂದವರು ಒಬ್ಬರ. ಇಟಿಕ್ಯಾಲದಾಗ ಅವರ ಹಳೀ ಮನಿ ಅದ. ಬುಧವಾರ ಗಾಡಿ ಇಳಿದರು. ಮಾರ್ಕಂಡೇಯ ಓಡಿ ಹೋಗಿ ಕೈಯಾಗಿನ ಗಂಟು ತಗೋಳಾಕ ಬಂದ. ಕೊಡಲಿಲ್ಲ. ಎಂದೂ ತಮ್ಮ ಛತ್ರಿ ಸೈತ ತಾವು ಹಿಡೀದವರು ಅವತ್ತು ಗಂಟು ತಾವ ಹೊತ್ತರು. ಹೊಸ್ತಿಲದಾಗ ಕೂತು ಹೊಲಿಗಿ ಹಾಕೋ ಒಂದು ಕೂಸು ಅದನ್ನ ನೋಡಿತ್ತು."

ಅಮೀನರು ಕರಿ ಮಣ್ಣಿನ ಎಲೆಯನ್ನು ಸಿರಸ್ತೇದಾರರ ಮುಂದೆ ಸರಿಸಿದರು.

"ಪುಸ್ತಕದಾಗ ನಿಮ್ಮ ವಯಸ್ಸು ಎಷ್ಟದ, ರಾಯರ?"

ಪ್ರಾಣೇಶರಾಯರು ಊರಿಗೆಲ್ಲ ಹೇಳಿಕೊಂಡಿದ್ದು ಐವತ್ಮೂರು. ಅವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಐವತ್ತೆಂಟು," ಎಂದರು. "ಗೆದ್ದಲದ ಹೆಸರು ಹೇಳಿದರ ಯಾರಿಗೂ ಹೊಡತ ಬೀಳೂದಿಲ್ಲ ಅನ್ಕೊಂಡೆ. ಕರಿಬಸಯ್ಯನ ಮ್ಯಾಲ ಬರತದ ಅಂತ ಹೊಳೀಲೇ ಇಲ್ಲ. ಬಂದಮ್ಯಾಲ ಬಾಯಿ ಬಿಡೋ ಧೈರ್ಯ ಆಗಲಿಲ್ಲ. ಮನ್ಯಾಗ ಕೂತರ ನಾ ಯಾರು? ಬೆಳಿಗ್ಗೆ ಎದ್ದು ಎಲ್ಲಿ ಹೋಗಲಿ?"

"ಪುಸ್ತಕ ಸುಟ್ಟಿರೇನು?"

"ನನ್ನ ಕೈಯಾರೆ ಬರದದ್ದದು. ಹೆಂಗ ಸುಡಲಿ?"

ಬಾಗಿಲಲ್ಲಿ ಬಳೆ ಸದ್ದಾಯಿತು. ರಾಯರ ಹೆಂಡತಿ ಸರಸ್ವತಿಬಾಯಿ ಮಡಿ ಬಟ್ಟೆಯಲ್ಲಿ ಸುತ್ತಿದ ಪುಸ್ತಕ ಹಿಡಿದು ನಿಂತಿದ್ದರು. "ದೇವರ ಪೆಟಿಗ್ಯಾಗ ಇತ್ತು," ಎಂದರು. "ನಿನ್ನೆಯಿಂದ ಇವರು ಊಟಾ ಮಾಡಿಲ್ಲ. ತಗೋರಿ. ಇನ್ನ ಮ್ಯಾಲರೆ ಉಣ್ಣಲಿ."

ಕರಿಬಸಯ್ಯ ಎದ್ದು ಕೈಮುಗಿದ. "ಅಮೀನ್ ಸಾಹೇಬರ, ಇವರನ್ನ ಜೇಲಿಗೆ ಹಾಕಬ್ಯಾಡ್ರಿ. ಹತ್ತೊಂಬತ್ತು ವರ್ಷ ನಾವು ಉಂಡ ಅನ್ನ ಇವರು ಕೊಡಿಸಿದ್ದು."

"ಮೊದಲ ಅವರು ಕೈಮುಗಿಯೋದು ಬ್ಯಾರೆಯವರಿಗೆ ಅದ," ಎಂದರು ಅಮೀನರು.

ಪ್ರಾಣೇಶರಾಯರು ಮಾರ್ಕಂಡೇಯನ ಮುಂದೆ ಹೋಗಿ ಕೈಮುಗಿದರು. ಹುಡುಗ ಗಾಬರಿಯಾಗಿ ಆ ಕೈಗಳನ್ನು ಹಿಡಿದು ಇಳಿಸಿದ. "ಬ್ಯಾಡ್ರಿ ರಾಯರ," ಎಂದ. "ನನ್ನವ್ವಗ ಒಂದು ಮಾತು ಹೇಳಿ ಬರ್ರಿ. ಸಾಕು."

"ಹೋಗತೀನಪ್ಪಾ. ಈಗ ಹೋಗತೀನಿ."

ಅಮೀನರು ವರದಿ ಬರೆದರು. ಪುಸ್ತಕ ತೆಗೆದದ್ದನ್ನೂ ಬರೆದರು, ಒಪ್ಪಿಕೊಂಡು ಮರಳಿಸಿದ್ದನ್ನೂ ಬರೆದರು. ಉಳಿದದ್ದು ದೊಡ್ಡ ಸಾಹೇಬರ ಮರ್ಜಿ ಎಂದರು.

ಹೊರಡುವ ಮುನ್ನ ರಾಯರು ಕಂಬದ ಹತ್ತಿರ ನಿಂತರು. ಶೇಖಮ್ಮ ಇನ್ನಷ್ಟು ಮರೆಗೆ ಸರಿದಳು.

"ಅಕ್ಷರ ನಾ ಕಲಿಸಿದೆ," ಎಂದರು. "ಅರಿವಿ ನೋಡೂದು ನಿಮ್ಮಪ್ಪ ಕಲಿಸ್ಯಾನ. ನಾನೂ ಅವನ ಹತ್ತಿರ ಕಲೀಬೇಕಿತ್ತು."

ಅವಳು ಬಗ್ಗಿ ಅವರ ಕಾಲು ಮುಟ್ಟಿದಳು. ರಾಯರು ರುಮಾಲು ಸುತ್ತಿಕೊಂಡು ಬಿಸಿಲಿಗಿಳಿದರು.

*

ಸೋಮವಾರ ಹೆಸರು ಗುರುತಾದವು. ಐವತ್ತೈದು ದಾಟಿದವರು ರಾಯರೊಬ್ಬರೇ. ಅವರು ಹೋದದ್ದರಿಂದ ಹೊಸಬರಲ್ಲಿ ನಾಲ್ವರಿಗಷ್ಟೇ ಕತ್ತರಿ ಬಿತ್ತು. ಐದನೆಯವನಾಗಬೇಕಿದ್ದ ಮಾರ್ಕಂಡೇಯ ಉಳಿದ. ಪುಸ್ತಕ ಸಿಗದಿದ್ದರೆ ಮನೆಗೆ ಹೋಗಬೇಕಿದ್ದವನು ಅವನೇ. ದೊಡ್ಡ ಸಾಹೇಬರು ಮೂವತ್ತು ವರ್ಷದ ನೌಕರಿ ನೋಡಿ, ರಾಯರ ವಜೀಫದಲ್ಲಿ ಸ್ವಲ್ಪ ಕಡಿದು ಉಳಿದದ್ದನ್ನು ಬಿಟ್ಟುಕೊಟ್ಟರೆಂದು ಸುದ್ದಿ ಬಂತು. ಅವತ್ತು ಕರಿಬಸಯ್ಯ ಮಠಕ್ಕೆ ಹೋಗಿ ಒಂದು ಕಾಯಿ ಒಡೆಸಿ ಬಂದ.

ವಾರದ ಮೇಲೆ ಅಪ್ಪ ಮಗಳು ಗಾಡಿ ಕಟ್ಟಿಕೊಂಡು ಮಕ್ತಲ ಸೇರಿದರು. ಪಾತ್ರೆಗಳ ನಡುವೆ ಅನಂತಮ್ಮ ಕೊಟ್ಟ ಒಂದು ಥಾನು ಗಟ್ಟಿ ಬಟ್ಟೆಯಿತ್ತು. ಸಾಮಾನು ಇಳಿಸುವ ಮೊದಲೇ ಶೇಖಮ್ಮ ಠಾಣೆಗೆ ಹೋದಳು. ಆ ಬಟ್ಟೆಯಲ್ಲಿ ಕಾಗದ ಇಡುವ ಒಂದು ಚೀಲ ಹೊಲಿದಿದ್ದಳು. ಮೂಲೆಯಲ್ಲಿ ಹಸಿರು ದಾರ.

ಅಮೀನರು ಅವಳನ್ನು ಕಂಡೊಡನೆ ಕುರ್ಚಿ ಹಿಡಿದು ಗೋಡೆಯ ಕಡೆ ತಿರುಗಿಸತೊಡಗಿದರು.

"ಬ್ಯಾಡ್ರಿ," ಎಂದಳು ಶೇಖಮ್ಮ. "ಈ ಕಡೆನ ನೋಡ್ರಿ. ನಿಮ್ಮ ಉಪಕಾರ ಭಾಳ ಆತು. ಅದನ್ನ ಗೋಡಿಗೆ ಹೇಳಾಕ ಆಗಂಗಿಲ್ಲ."