ಅತ್ತೆಯ ಬೆನ್ನು ಬಿಡದ ತಡವರಿಕೆ

"ನಿಂತಿದ್ದು ನನ್ನ ಕೈ ಅಲ್ಲ, ಯಂತ್ರ. ಅದನ್ನ ಯಾರಾದ್ರೂ ನಾಲ್ಕು ಜನರ ಮುಂದೆ ಹೇಳ್ಬೇಕು. ಅಷ್ಟೇ ನಾನು ಕೇಳೋದು."

ಹೀಗೆ ಹೇಳಿದ ಹೆಂಗಸು ತನ್ನ ಕೈಚೀಲವನ್ನು ನನ್ನ ಝೆರಾಕ್ಸ್ ಯಂತ್ರದ ಮೇಲೆ ಧೊಪ್ಪೆಂದು ಇಟ್ಟರು. ಬೆಳಿಗ್ಗೆ ಹತ್ತೂವರೆ. ಎರಡನೇ ಮಹಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಅವರು ಅಳಲು ಬಂದವರ ಹಾಗೆ ಕಾಣಲಿಲ್ಲ. ಜಗಳಕ್ಕೆ ಜೊತೆ ಹುಡುಕಿಕೊಂಡು ಬಂದವರ ಹಾಗಿದ್ದರು.

ನಮ್ಮ ಅಂಗಡಿಯ ಮುಂಭಾಗ ನನ್ನದು. ಪರದೆಯ ಆಚೆಯ ಹಿಂಭಾಗ ಅಕ್ಕನದು, ಕಂಪ್ಯೂಟರ್ ರಿಪೇರಿ. ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಇಡೀ ಕಟ್ಟಡಕ್ಕೆ ಅವಳು ಫ್ಯೂಸಕ್ಕ. ಇಪ್ಪತ್ತಾರು ವರ್ಷ ಟೆಲಿಫೋನ್ ತಂತಿಗಳಲ್ಲಿ ದೋಷ ಹುಡುಕಿ ನಿವೃತ್ತಳಾದವಳು. ಕಟ್ಟಡದಲ್ಲಿ ಯಾರ ಸೈಕಲ್ ಕಾಣೆಯಾದರೂ, ಯಾರ ಬಾಗಿಲಿಗೆ ಹೆಸರಿಲ್ಲದ ಪತ್ರ ಬಂದರೂ ಮೊದಲು ಸರಿಯುತ್ತಿದ್ದುದು ಆ ಪರದೆ.

ಅದು ಸರಿಯಿತು. ಅಕ್ಕ ಕನ್ನಡಕವನ್ನು ಹಣೆಗೇರಿಸಿ ಸ್ಟೂಲು ತೋರಿಸಿದಳು. "ಮೊದಲಿಂದ ಹೇಳಿ. ಕೋಪ ಆಮೇಲೆ."

ಮೂರನೇ ಮಹಡಿಯಲ್ಲಿ ಒಂದು ಗೇಮಿಂಗ್ ಹಾಲ್ ಇತ್ತು. ಅಲ್ಲಿನ ಕುರ್ಚಿಗಳಿಗೆ ಗವಸು ಹೊಲಿಯಲು ಅಳತೆ ತೆಗೆಯುತ್ತ ಒಂದು ದಿನ ಸುಮ್ಮನೆ ಆಡಲು ಕೂತವರು ಇವರು. ಎರಡು ವರ್ಷ ಏಳಲಿಲ್ಲ. ಕೋಟೆ ಹಿಡಿಯುವ, ಗುಂಡು ಹಾರಿಸುವ ಆಟ. ಹಾಲ್ ತನ್ನದೊಂದು ತಂಡ ಕಟ್ಟಲು ಬಹಿರಂಗ ಪಂದ್ಯ ನಡೆಸಿದಾಗ ಈ ನಲವತ್ತಾರರ ಹೆಂಗಸು ನಲವತ್ತು ಜನರನ್ನು ಹಿಂದೆ ಹಾಕಿ ಐವರ ತಂಡದೊಳಗೆ ಬಂದರು. ಹುಡುಗರು ಅವರಿಗಿಟ್ಟ ಹೆಸರು ಅತ್ತೆ. ಕೋಚ್ ಬಂದು ಸೇರಿಕೊಂಡದ್ದು ಅದರ ಮರುವಾರ.

"ಮೂರು ವಾರದಿಂದ ಒಂದು ಅಭ್ಯಾಸ ಪಂದ್ಯಾನೂ ನೆಟ್ಟಗೆ ಆಡಿಲ್ಲ" ಎಂದರು ಅತ್ತೆ. "ಶುರುವಿನಲ್ಲಿ ಬೆಣ್ಣೆ ಥರ ಸಾಗತ್ತೆ. ಐದಾರು ನಿಮಿಷಕ್ಕೆ ಕಂಪ್ಯೂಟರ್ ಪರದೆ ಮುಗ್ಗರಿಸೋಕೆ ಶುರು. ನಾನು ತಿರುಗಿ ಎಷ್ಟೋ ಹೊತ್ತಿಗೆ ಅದು ತಿರುಗತ್ತೆ. ನಾನು ಗುಂಡು ಹೊಡೆದಾಗ ಎದುರಿನವನು ಗೋಡೆ ಹಿಂದೆ ಕೂತು ನಗ್ತಿರ್ತಾನೆ."

"ಒಬ್ಬರೇ ಆಡುವಾಗ?"

"ದಿನಾ ಬೆಳಿಗ್ಗೆ ಒಬ್ಳೇ ಆಡ್ತೀನಿ. ಒಂದು ಸಲಾನೂ ಇಲ್ಲ."

"ಕೋಚ್ ಏನಂತಾರೆ?"

"ವಯಸ್ಸು ಅಂತಾರೆ. ಅದೂ ನಗ್ತಾ. 'ಅತ್ತೆ, ಕಣ್ಣಿನ ಮಾತನ್ನ ಕೈ ಕೇಳೋ ಕಾಲ ಮುಗೀತು' ಅಂತ. ದಿನಕ್ಕೆ ಎಷ್ಟು ಸೂಜಿಗೆ ದಾರ ಪೋಣಿಸ್ತೀನಿ ನಾನು, ಗೊತ್ತಾ ಆ ಮನುಷ್ಯನಿಗೆ? ಇವತ್ತು ನಾಲ್ಕು ಗಂಟೆಗೆ ಕೊನೇ ಆಯ್ಕೆ. ನನ್ನ ಜಾಗ ಆ ಬದಲಿ ಹುಡುಗ ಮಿಂಚುಗೆ ಹೋಗತ್ತೆ. ಹೋಗ್ಲಿ, ನಾನು ಸೋತು ಹೋದ್ರೆ ಹೋಗ್ಲಿ. ವಯಸ್ಸಾಯ್ತು ಅನ್ನೋ ಹಣೆಪಟ್ಟಿ ಕಟ್ಟಿಸ್ಕೊಂಡು ಮಾತ್ರ ಹೋಗಲ್ಲ."

ಅಕ್ಕ ತನ್ನ ಸ್ಕ್ರೂಡ್ರೈವರ್ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ನಾವು ಹೊರಟೆವು ಎಂದು ಅದರರ್ಥ.

ಗೇಮಿಂಗ್ ಹಾಲಿನ ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದರು. ಗೋಡೆಗುಂಟ ತಂಡದ ಆರು ಯಂತ್ರ, ಐವರಿಗೆ ಐದು, ಬದಲಿ ಆಟಗಾರನಿಗೆ ಒಂದು. ಒಂದೊಂದು ಪೆಟ್ಟಿಗೆಗೂ ಪಕ್ಕದಲ್ಲಿ ಗಾಜು, ಒಳಗೆ ಬಣ್ಣದ ದೀಪ. ತುದಿಯಲ್ಲಿ ಗಾಜಿನ ಕ್ಯಾಬಿನ್, ಅದರಲ್ಲಿ ಕೋಚ್. ಮೂವತ್ತು ದಾಟದ, ಗಡ್ಡವನ್ನು ಅಳತೆಪಟ್ಟಿ ಇಟ್ಟು ಕತ್ತರಿಸಿದಂತಿದ್ದ ಮನುಷ್ಯ.

"ಬನ್ನಿ ಮೇಡಂ, ನೋಡಿ" ಎಂದರು ಅವರು, ಒಂದಿಷ್ಟೂ ಅಳುಕಿಲ್ಲದೆ. "ಸುಮ್ಮನೆ ಬಾಯಿಗೆ ಬಂದಿದ್ದು ಹೇಳೋನಲ್ಲ ನಾನು. ಹದಿನಾಲ್ಕು ವಿಡಿಯೋ ಇಟ್ಟಿದೀನಿ."

ಕ್ಯಾಬಿನ್ನಿನ ಕಂಪ್ಯೂಟರಿನಲ್ಲಿ ಒಂದನ್ನು ಹಾಕಿದರು. ಅತ್ತೆಯ ಆಟ. ಫೋನಿನಲ್ಲಿ ತೆಗೆದದ್ದಲ್ಲ, ಪರದೆಯೇ ಪರದೆಯೊಳಗೆ ಬಂದು ಕೂತಂತೆ ಸ್ವಚ್ಛವಾಗಿತ್ತು, ಮೌಸಿನ ಬಾಣವೂ ಸೇರಿ. ಬಂದೂಕು ತಡವರಿಸುತ್ತಿತ್ತು, ಗೋಡೆ ತೊದಲುತ್ತಿತ್ತು.

"ಬೇರೆಯವರ ವಿಡಿಯೋ?" ಅಕ್ಕ ಕೇಳಿದಳು.

"ಅವರದ್ಯಾಕೆ? ಅವರು ಚೆನ್ನಾಗೇ ಆಡ್ತಾರಲ್ಲ."

"ಯಂತ್ರದ ದೋಷ ಇರಬಹುದು ಅಂತ ಅನಿಸಲಿಲ್ವಾ?"

"ಅದನ್ನೂ ನೋಡಿದೆ. ಅತ್ತೆಯನ್ನ ಐದನೇ ಯಂತ್ರದಿಂದ ಎಬ್ಬಿಸಿ ಎರಡರಲ್ಲಿ ಕೂರಿಸಿದೆ. ಅಲ್ಲೂ ಅದೇ ಗೋಳು. ಐದರಲ್ಲಿ ಮಿಂಚು ಕೂತ. ನೀರು ಕುಡಿದ ಹಾಗೆ ಆಡಿದ. ಈಗ ನೀವೇ ಹೇಳಿ, ದೋಷ ಯಂತ್ರದ್ದಾ, ಮನುಷ್ಯರದ್ದಾ?"

ತಡವರಿಕೆ ಯಂತ್ರದಲ್ಲಿ ಉಳಿಯದೆ ಅತ್ತೆಯ ಬೆನ್ನು ಹತ್ತಿ ಹೋಗಿತ್ತು. ಅತ್ತೆ ಮಾತ್ರ ಗಾಜಿನ ಆಚೆ ಕೈ ಕಟ್ಟಿ, ನಮ್ಮನ್ನೇ ದಿಟ್ಟಿಸುತ್ತ ನಿಂತಿದ್ದರು.

ಅಕ್ಕ ಐದನೇ ಯಂತ್ರ ಬಿಚ್ಚಿದಳು. ಧೂಳಿಲ್ಲ, ಫ್ಯಾನ್ ಸರಿ ಇದೆ, ಬಿಸಿ ಏರಿದ ಗುರುತಿಲ್ಲ. ಮಾನಿಟರಿನ ಕೇಬಲ್ ಸಿಕ್ಕಿಸಬೇಕಾದಲ್ಲೇ ಸಿಕ್ಕಿಸಿದೆ. ಪೆಟ್ಟಿಗೆ ಮುಚ್ಚುತ್ತ, ಅಷ್ಟರಲ್ಲಿ ಬಂದು ನಿಂತಿದ್ದ ಗೇಮಿಂಗ್ ಹಾಲಿನ ಮಾಲೀಕರತ್ತ ತಿರುಗಿದಳು. "ಇಷ್ಟು ದೊಡ್ಡ ಗ್ರಾಫಿಕ್ಸ್ ಕಾರ್ಡಿಗೆ ಇಷ್ಟು ಹಳೇ ಪ್ರೊಸೆಸರ್ರಾ ಯಜಮಾನ್ರೇ? ಆರರಲ್ಲೂ ಹೀಗೇನಾ?"

"ಆರರಲ್ಲೂ" ಎಂದರು ಮಾಲೀಕರು ತಲೆ ಕೆರೆಯುತ್ತ. "ಗಾಜಿನಿಂದ ಕಾಣೋದು ಕಾರ್ಡ್ ತಾನೇ, ಅಕ್ಕ."

ನಾನಿಷ್ಟರಲ್ಲಿ ಅಪರಾಧಿಯನ್ನು ಹಿಡಿದಾಗಿತ್ತು. ಮಿಂಚು, ಹತ್ತೊಂಬತ್ತರ ಬದಲಿ ಆಟಗಾರ, ಸರಿಯಾಗಿ ಮೂರು ವಾರದ ಹಿಂದೆ ಅತ್ತೆಗೆ ತನ್ನದೊಂದು ಮೌಸ್ ಕೊಟ್ಟಿದ್ದ. ಅತ್ತೆ ಯಾವ ಕುರ್ಚಿಗೆ ಹೋದರೂ ಅದು ಚೀಲದಲ್ಲಿ ಜೊತೆಗೇ ಹೋಗುತ್ತಿತ್ತು. ಅಕ್ಕನ ಕಿವಿಯಲ್ಲಿ ಇದನ್ನು ಉಸುರಿದೆ.

"ಜಾಣ" ಎಂದಳು ಅಕ್ಕ. "ಹಾಗಾದ್ರೆ ಅವರ ಜೊತೆಗೆ ಹೋಗೋದನ್ನೆಲ್ಲ ಕಿತ್ತು ಹಾಕೋಣ."

ಮಧ್ಯಾಹ್ನ ಹನ್ನೆರಡಕ್ಕೆ ಒಂದು ಪಂದ್ಯ ಏರ್ಪಾಡಾಯಿತು. ಅತ್ತೆಗೆ ನಮ್ಮ ಅಂಗಡಿಯ ಹಳೇ ಮೌಸ್. ಅತ್ತೆಯ ಆಟದ ಖಾತೆಯಲ್ಲಿ ಏನಾದರೂ ಕೈವಾಡ ನಡೆದಿದ್ದರೆ ಎಂದು ಅವರಿಗೆ ಮಿಂಚುವಿನ ಖಾತೆ, ಮಿಂಚುಗೆ ಅವರ ಖಾತೆ.

"ನನ್ನ ಮೇಲೆ ಅನುಮಾನಾನಾ?" ಮಿಂಚು ಮುಖ ಊದಿಸಿದ. "ಅತ್ತೆ, ನೀವೂನಾ?"

"ನಿನ್ನ ಮೇಲೆ ಅನುಮಾನ ಇದ್ದಿದ್ರೆ ನಿನ್ನ ಪ್ಯಾಂಟಿಗೆ ಹೊಸ ಜಿಪ್ ಹೊಲಿದುಕೊಡ್ತಿದ್ನಾ? ಕೂತ್ಕೋ ಸುಮ್ನೆ" ಎಂದರು ಅತ್ತೆ.

ಅಕ್ಕ ಆರೂ ಯಂತ್ರಗಳಲ್ಲಿ ಒಂದು ಸಣ್ಣ ಪ್ರೋಗ್ರಾಂ ಓಡಲು ಬಿಟ್ಟಳು. ಯಾವ ಕೆಲಸ ಎಷ್ಟು ಪ್ರೊಸೆಸರ್ ತಿನ್ನುತ್ತಿದೆ ಎಂದು ಸೆಕೆಂಡಿಗೊಮ್ಮೆ ಬರೆದಿಡುವಂಥದು. "ಪರದೆ ಮೇಲೆ ಏನೂ ಬರಬಾರದು, ಹುಡುಗರ ಗಮನ ಹೋಗತ್ತೆ" ಎಂದು ಎಚ್ಚರಿಸಿ ಕೋಚ್ ಕ್ಯಾಬಿನ್ನಿಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಅತ್ತೆಯ ಬೆನ್ನ ಹಿಂದೆ ನಿಂತೆ. ಐದು ನಿಮಿಷ ಅವರ ಆಟ ನೋಡುವುದೇ ಒಂದು ಸುಖ. ಆರನೆಯದಕ್ಕೆ ಪರದೆ ಕೆಸರಿಗೆ ಬಿದ್ದಿತು. ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿದೆ ಎಂದು ಮೂಲೆಯಲ್ಲಿ ತೋರಿಸುವ ಫ್ರೇಮ್ ಲೆಕ್ಕ ನೂರಹತ್ತರಿಂದ ಇಪ್ಪತ್ತೆರಡಕ್ಕೆ ಇಳಿಯಿತು.

ಮೌಸ್ ಅಲ್ಲ. ಖಾತೆ ಅಲ್ಲ. ಯಂತ್ರವೂ ಅಲ್ಲ.

"ಇನ್ನು ಉಳಿದಿದ್ದು ಅತ್ತೆ ಒಬ್ರೇ" ಎಂದೆ ಮೆಟ್ಟಿಲಲ್ಲಿ, ತೀರ ಸಣ್ಣ ದನಿಯಲ್ಲಿ.

ಅಕ್ಕ ನಿಂತಳು. "ಅವರ ಬೆನ್ನು ಹತ್ತಿ ಹೋಗೋದು ಇನ್ನೊಂದಿದೆ ಕಣೋ. ನೀನೂ ನೋಡಿದೀಯ, ನಾನೂ ನೋಡಿದೀನಿ. ಮೂರೂವರೆಗೆ ಎಲ್ಲರನ್ನೂ ಸೇರಿಸು."

ಮೂರೂವರೆಗೆ ಆರು ಆಟಗಾರರು, ಮಾಲೀಕರು, ಕೋಚ್ ಎಲ್ಲರೂ ಸೇರಿದರು. ಅಕ್ಕ ಸ್ಟೂಲಿನ ಮೇಲೆ ಕೂತು ಒಂದು ಹಾಳೆ ಬಿಚ್ಚಿದಳು.

"ಕೋಚ್ ಸಾಹೇಬ್ರು ಮಾಡಿದ ಪರೀಕ್ಷೆ ಒಳ್ಳೇದೇ. ಜಾಗ ಬದಲಾಯಿಸಿದ್ರು, ತಡವರಿಕೆ ಮನುಷ್ಯರ ಜೊತೆ ಹೋಯ್ತು. ಆದ್ರೆ ಮನುಷ್ಯರ ಜೊತೆ ಏನೇನು ಹೋಗತ್ತೆ ಅಂತ ಅವರು ಕೇಳ್ಕೊಳ್ಳಲಿಲ್ಲ. ಮೌಸ್ ಹೋಗತ್ತೆ. ಖಾತೆ ಹೋಗತ್ತೆ. ಅವೆರಡನ್ನೂ ಇವತ್ತು ತೆಗೆದು ಹಾಕಿದ್ವಿ. ಒಬ್ಬರೇ ಆಡಿದ್ರೆ ಚೆನ್ನಾಗಿರತ್ತೆ, ಪಂದ್ಯದಲ್ಲಿ ಮಾತ್ರ ಕೆಡತ್ತೆ. ಹಾಗಾದ್ರೆ ಬೆಳಿಗ್ಗೆ ಇಲ್ಲದೆ ಪಂದ್ಯದ ಹೊತ್ತಿಗೆ ಮಾತ್ರ ಇರೋದು ಏನು?"

"ಒತ್ತಡ" ಎಂದರು ಕೋಚ್.

"ನೀವು" ಎಂದಳು ಅಕ್ಕ.

ಯಾರೋ ಕುರ್ಚಿ ಕಿರ್ರೆನ್ನಿಸಿದರು.

"ಕ್ಯಾಬಿನ್ನಿನ ಕಂಪ್ಯೂಟರಿಂದ ಯಾವ ಯಂತ್ರದ ಪರದೆ ಬೇಕಾದ್ರೂ ನೋಡಬಹುದು, ರೆಕಾರ್ಡ್ ಮಾಡಬಹುದು. ಗಿರಾಕಿಗಳ ಮೇಲೆ ಕಣ್ಣಿಡೋಕೆ ಯಜಮಾನ್ರು ಹಾಕ್ಸಿದ್ದು. ಆ ವಿಡಿಯೋ ತಯಾರಾಗೋದು ಕ್ಯಾಬಿನ್ನಲ್ಲಲ್ಲ, ಆಡ್ತಿರೋರ ಯಂತ್ರದೊಳಗೆ. ಅದಕ್ಕೆ ಪ್ರೊಸೆಸರ್ ಬೇಕು. ಹೊಸದಾಗಿದ್ರೆ ಗೊತ್ತೂ ಆಗ್ತಿರಲಿಲ್ಲ. ಇಲ್ಲಿರೋದು ಆಟಕ್ಕೇ ಏದುಸಿರು ಬಿಡೋ ಪ್ರೊಸೆಸರ್. ಇವತ್ತು ಅತ್ತೆಯ ಯಂತ್ರದಲ್ಲಿ ಆ ಕೆಲಸ ಶುರುವಾಗಿದ್ದು ಹನ್ನೆರಡು ಗಂಟೆ ಆರು ನಿಮಿಷಕ್ಕೆ. ಉಳಿದ ಐದರಲ್ಲಿ ಶುರುವೇ ಆಗಿಲ್ಲ. ಕೋಚ್ ಸಾಹೇಬ್ರೇ, ನಿಮ್ಮ ಹದಿನೈದನೇ ವಿಡಿಯೋ ಎಷ್ಟು ಹೊತ್ತಿಗೆ ಶುರುವಾಗಿದೆ?"

ಮಾಲೀಕರೇ ಕ್ಯಾಬಿನ್ನಿನೊಳಗೆ ಹೋಗಿ ಇಣುಕಿದರು. "ಹನ್ನೆರಡು ಆರು" ಎಂದು ಅಲ್ಲಿಂದಲೇ ಕೂಗಿದರು.

"ಮೊದಲ ಐದು ನಿಮಿಷ ಇಡೀ ತಂಡ ನೋಡ್ತೀರಿ, ಆಮೇಲೆ ಅತ್ತೆಯ ಪರದೆ ತೆಗೀತೀರಿ. ಅವರು ಯಾವ ಕುರ್ಚಿಗೆ ಹೋದ್ರೂ ನಿಮ್ಮ ಕಣ್ಣು ಹಿಂದೇ ಹೋಗತ್ತೆ. ಹದಿನಾಲ್ಕು ವಿಡಿಯೋ, ಎಲ್ಲ ಒಬ್ಬರದೇ ಅಂದಾಗಲೇ ನನಗೆ ಮೂಗಿಗೆ ವಾಸನೆ ಬಡೀತು."

"ಒಂದು ನಿಮಿಷ ಮೇಡಂ" ಕೋಚ್ ಎದ್ದರು. "ಇದೆಲ್ಲ ಊಹೆ."

"ಮಿಂಚು, ಆಟ ಹಾಕು" ಎಂದಳು ಅಕ್ಕ. "ಯಜಮಾನ್ರೇ, ಇವನ ಪರದೆ ರೆಕಾರ್ಡ್ ಮಾಡಿ."

ಎಲ್ಲರೂ ಮಿಂಚುವಿನ ಹಿಂದೆ ಮುಗಿಬಿದ್ದರು. ನೂರಹನ್ನೆರಡು. ಕ್ಯಾಬಿನ್ನಿನಿಂದ ಒಂದು ಕ್ಲಿಕ್ಕು. ಇಪ್ಪತ್ತಮೂರು.

"ಅಯ್ಯಯ್ಯೋ! ಇದರಲ್ಲಿ ಹೆಂಗೆ ಆಡೋದು?" ಮಿಂಚು ಕೈ ಎತ್ತಿಬಿಟ್ಟ. "ಅತ್ತೆ, ಮೂರು ವಾರ ಇದರಲ್ಲೇ ಆಡಿದ್ರಾ?"

ಕೋಚಿನ ಗಡ್ಡದ ಅಂಚು ಕೆಂಪಾಗಿತ್ತು. "ನಾನು ಬೇಕಂತ ಮಾಡಿದ್ದಲ್ಲ. ಇದು ನಿಧಾನ ಮಾಡತ್ತೆ ಅಂತ ನಂಗೆ ಗೊತ್ತೇ ಇರಲಿಲ್ಲ."

"ನಂಬ್ತೀನಿ" ಎಂದಳು ಅಕ್ಕ. "ಅದಕ್ಕೇ ಜಾಸ್ತಿ ಸಿಟ್ಟು ಬರೋದು. ಬೇಕಂತ ಮಾಡಿದ್ರೆ ಒಬ್ಬ ಕಳ್ಳ ಸಿಕ್ಕಿದ ಅಂತ ಇರ್ತಿತ್ತು. ನೀವು ಮಾಡಿದ್ದು ಬೇರೆ. ಇವರು ನಿಧಾನ ಅಂತ ಮೊದಲೇ ತೀರ್ಮಾನ ಮಾಡಿದ್ರಿ, ಆಮೇಲೆ ಸಾಕ್ಷಿ ಹುಡುಕಿದ್ರಿ. ಆ ಹುಡುಕಾಟಾನೇ ಸಾಕ್ಷಿ ಹುಟ್ಟಿಸ್ತು. ಆ ವಿಡಿಯೋದಲ್ಲಿ ಯಾರ ಕೈಯೂ ಕಾಣಲ್ಲ, ಸ್ವಾಮಿ. ಪರದೆ ತೊದಲಿದ್ದಷ್ಟೇ ಕಾಣತ್ತೆ. ಮುದಿ ಕೈಯನ್ನ ತಂದು ಅಂಟಿಸಿದ್ದು ನೀವು."

ನಾಲ್ಕಕ್ಕೆ ಐದು ನಿಮಿಷ ಇತ್ತು. ಕೋಚ್ ಗಡಿಯಾರ ನೋಡಿದರು. "ಸರಿ. ರೆಕಾರ್ಡಿಂಗ್ ಬಂದ್ ಮಾಡ್ತೀನಿ. ಆರು ಜನಾನೂ ಒಬ್ಬರ ವಿರುದ್ಧ ಒಬ್ಬರು ಆಡಿ. ಮೇಲಿನ ಐದು ಜನ ತಂಡ."

"ಬೇಡ" ಎಂದರು ಅತ್ತೆ.

ಆಗಲೇ ಅವರು ಕುರ್ಚಿ ಎಳೆದು ಕೂತು ಹೆಡ್‌ಫೋನ್ ಕೊರಳಿಗೆ ಹಾಕಿಕೊಂಡಿದ್ದರು.

"ಬಂದ್ ಮಾಡಬೇಡಿ. ಆರೂ ಜನರ ಮೇಲೆ ಹಾಕಿ. ಆ ಕೆಸರಲ್ಲಿ ಆಡಿದ್ದಕ್ಕೆ ತಾನೇ ನನಗೆ ವಯಸ್ಸಾಯ್ತು ಅಂದಿದ್ದು? ಎಲ್ಲರಿಗೂ ಎಷ್ಟೆಷ್ಟು ವಯಸ್ಸಾಗಿದೆ ಅಂತ ಇವತ್ತು ನೋಡೇಬಿಡೋಣ."

"ಅತ್ತೆ, ಹಟ ಬೇಡ" ಎಂದ ಮಿಂಚು. "ಮಾಮೂಲಿಯಾಗಿ ಆಡಿದ್ರೂ ನೀವು ಗೆಲ್ತೀರಿ."

"ಗೆಲ್ತೀನಿ. ಆದ್ರೆ ರೆಕಾರ್ಡಿಂಗ್ ಬಂದ್ ಆಗಿತ್ತು, ಅದಕ್ಕೇ ಗೆದ್ರು ಅಂತಾರೆ. ಆ ಮಾತು ನಂಗೆ ಬೇಡ."

ಕೋಚ್ ಮಾಲೀಕರನ್ನು ನೋಡಿದರು. ಮಾಲೀಕರು ಅಕ್ಕನನ್ನು ನೋಡಿದರು. ಅಕ್ಕ ಚಾವಣಿ ನೋಡುತ್ತಿದ್ದಳು. ಕೊನೆಗೆ ಮಾಲೀಕರೇ ಕ್ಯಾಬಿನ್ನಿಗೆ ಹೋಗಿ ಆರು ಸಲ ಒತ್ತಿದರು.

ಮುಂದಿನ ಇಪ್ಪತ್ತು ನಿಮಿಷ ಆ ಹಾಲಿನಲ್ಲಿ ಕೇಳಿದ್ದೆಲ್ಲ ಹುಡುಗರ ಬೈಗುಳ. ಕಂಡಲ್ಲಿ ಗುಂಡು ಹಾರಿಸುತ್ತಿದ್ದರು. ಅಷ್ಟರಲ್ಲಿ ಎದುರಿನವನು ಅಲ್ಲಿರುತ್ತಿರಲಿಲ್ಲ. ಅತ್ತೆ ಕಂಡಲ್ಲಿ ಹಾರಿಸಲಿಲ್ಲ. ಮುಂದಿನ ಹೆಜ್ಜೆ ಎಲ್ಲಿ ಬೀಳುತ್ತದೋ ಅಲ್ಲಿ ಹಾರಿಸಿ ಕಾದರು. ಮೂರು ವಾರ ಹದಿನಾಲ್ಕು ಪಂದ್ಯ ಸೋತು ಅವರ ಕೈ ಕಲಿತದ್ದನ್ನು ಉಳಿದ ಐವರಿಗೆ ಇಪ್ಪತ್ತು ನಿಮಿಷದಲ್ಲಿ ಕಲಿಯಲಾಗಲಿಲ್ಲ. ಯಾರು ಎಷ್ಟು ಸಲ ಎದುರಾಳಿಯನ್ನು ಹೊಡೆದುರುಳಿಸಿದರು ಎಂಬ ಪಟ್ಟಿ ಬಂತು. ಅತ್ತೆ ಮೂವತ್ತೊಂದು, ಎರಡನೆಯವನು ಹನ್ನೆರಡು. ಮಿಂಚು ನಾಲ್ಕನೆಯವನಾಗಿ ಕುರ್ಚಿಯಿಂದ ಹಾರಿದ.

ಕೋಚ್ ಅತ್ತೆಯ ಕುರ್ಚಿಯ ಹತ್ತಿರ ಬಂದು ನಿಂತರು. "ನೀವು ತಂಡದಲ್ಲಿದೀರಿ, ಅತ್ತೆ."

"ಅದು ಪಟ್ಟಿಯಲ್ಲೇ ಇದೆ" ಎಂದರು ಅತ್ತೆ, ಪರದೆಯಿಂದ ಕಣ್ಣು ಕೀಳದೆ. "ನೀವು ಹೇಳಬೇಕಾಗಿರೋದು ಬೇರೆ ಇದೆ."

ಕೋಚ್ ನೆಲ ನೋಡುತ್ತ ಏನೋ ಗೊಣಗಿದರು. ಪಕ್ಕದಲ್ಲಿದ್ದ ನನಗೆ 'ಕೈ ಅಲ್ಲ, ಯಂತ್ರ' ಅನ್ನುವಷ್ಟು ಮಾತ್ರ ಕೇಳಿಸಿತು.

ಅತ್ತೆ ಹೆಡ್‌ಫೋನಿನ ಒಂದು ಕಿವಿಯನ್ನು ಮಾತ್ರ ಸರಿಸಿದರು.

"ನಂಗೆ ಕೇಳಿಸಿತು. ಅವರಿಗೆಲ್ಲ ಕೇಳಿಸಲಿಲ್ಲ."